ಮಂಡ್ಯದ ಹೆರಾಲ್ಡ್‌ಗೆ ಮೈಸೂರಿನ ವ್ಯಾಲ್ಯುಯರ್ ಕಟ್ಟಿದ ಬೆಲೆ

ಹಳೆ ಕಾರಿಗೆ ಬೆಲೆ ಕಟ್ಟಿಕೊಡುವವರೊಬ್ಬರು ಮೈಸೂರಿನಲ್ಲಿದ್ದಾರೆ. ಇನ್ಶೂರೆನ್ಸ್ ಸರ್ವೇಯರ್ ಆಗಿದ್ದವರು, ಈಗ ಕುವೆಂಪುನಗರದ ಮನೆಯ ಮುಂದಿನ ರೂಮೇ ಆಫೀಸು. ಹೊಗಳುವುದರ ಜೊತೆ ದೂರೂ ಇದೆ, ಹಾಗಾಗಿ ಹೆಸರು ಹಾಕುತ್ತಿಲ್ಲ. ಫೀಸು ಆರು ಸಾವಿರ. ಊರು ದಾಟಿ ಬಂದರೆ ಪೆಟ್ರೋಲ್ ಖರ್ಚು ಬೇರೆ.

ನಾನು ಐಟಿಐನಲ್ಲಿ ಮೋಟಾರ್ ಮೆಕ್ಯಾನಿಕ್ ಪಾಠ ಹೇಳಿದವನು. ಇಂಜಿನ್ ಶಬ್ದ ಕೇಳಿದರೆ ರೋಗ ಗೊತ್ತಾಗುತ್ತದೆ. ಬೆಲೆ ಮಾತ್ರ ನನ್ನ ಸಬ್ಜೆಕ್ಟ್ ಅಲ್ಲ. ಮಂಡ್ಯದ ಗುತ್ತಲು ರಸ್ತೆ ಕಡೆ ಒಂದು ಶೆಡ್ಡಿನಲ್ಲಿ 1966ರ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು ನಿಂತಿತ್ತು, ಕೊಳ್ಳೋಣ ಅಂತ ನನ್ನ ಆಸೆ. ಎರಡು ಬಾಗಿಲಿನದು. ಎಂವೈ ಅಂತ ಶುರುವಾಗುವ ಹಳೆ ಮೈಸೂರು ರಾಜ್ಯದ ನಂಬರ್ ಪ್ಲೇಟು ಹಾಗೇ ಇದೆ. ಯಜಮಾನರ ಮಗ ಹೇಳಿದ್ದು ಹನ್ನೆರಡು ಲಕ್ಷ.

"ಶೋಲಾವರಂ ರೇಸಲ್ಲಿ ನಮ್ಮ ಚಿಕ್ಕಪ್ಪ ಓಡಿಸಿದ್ ಗಾಡಿ ಕಣ್ ಸಾರ್ ಇದು. ಫಾರಿನ್ನಲ್ಲಿ ರೇಸ್ ಗಾಡಿಗೆ ನೂರಾರು ಕೋಟಿ ಕೊಡ್ತಾರೆ. ನಾನು ಲಕ್ಷದಲ್ಲಿ ಕೇಳಿದ್ರೆ ಜಾಸ್ತಿಯಾ?"

ಮಾತು ಪೂರ್ತಿ ಸುಳ್ಳೇನಲ್ಲ. ಮದ್ರಾಸಿನ ಹೊರಗೆ ಶೋಲಾವರಂನಲ್ಲಿ ಎರಡನೇ ಮಹಾಯುದ್ಧದ ಕಾಲದ ರನ್‌ವೇ ಇತ್ತು. ಅಲ್ಲಿ ವರ್ಷಗಟ್ಟಲೆ ರೇಸ್ ನಡೆದಿದೆ, ಹೆರಾಲ್ಡ್‌ಗಳೂ ಓಡಿವೆ. ಹೆರಾಲ್ಡ್ ತಯಾರಾಗುತ್ತಿದ್ದುದೂ ಮದ್ರಾಸಿನಲ್ಲೇ. ಇನ್ನು ನೂರಾರು ಕೋಟಿ ವಿಷಯ. 2022ರ ಮೇ ತಿಂಗಳಲ್ಲಿ 1955ರ ಮರ್ಸಿಡಿಸ್ 300 ಎಸ್‌ಎಲ್‌ಆರ್ ಕೂಪೆ 13.5 ಕೋಟಿ ಯೂರೋಗೆ ಹರಾಜಾಯಿತು. ನಮ್ಮ ದುಡ್ಡಲ್ಲಿ ಸಾವಿರ ಕೋಟಿ ದಾಟುತ್ತದೆ. ಹುಡುಗ ಅದನ್ನೇ ಎಲ್ಲೋ ಓದಿಕೊಂಡಿದ್ದ.

ನಮ್ಮ ವ್ಯಾಲ್ಯುಯರ್ ಸ್ಕೂಟರಿನಲ್ಲಿ ಬಂದರು. ಟಾರ್ಚು, ಅಯಸ್ಕಾಂತ, ಕೋಲಿಗೆ ಕಟ್ಟಿದ ಕನ್ನಡಿ, ಪೆನ್ಸಿಲು, ತೆಳು ಕಾಗದ. ಹೆರಾಲ್ಡ್‌ನಲ್ಲಿ ಮಡ್‌ಗಾರ್ಡ್ ಸಮೇತ ಇಡೀ ಮುಂಭಾಗ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಅದನ್ನು ತೆರೆದು ಮೊದಲು ಮಾಡಿದ ಕೆಲಸ ಚಾಸಿಸ್ (ಗಾಡಿಯ ಕೆಳಗಿನ ಕಬ್ಬಿಣದ ಚೌಕಟ್ಟು) ನಂಬರಿನ ಪೆನ್ಸಿಲ್ ಪ್ರಿಂಟ್, ಅಂದರೆ ಕೊರೆದ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ತೆಗೆಯುವ ಅಚ್ಚು. ಬಣ್ಣ, ಸೀಟು, ಡ್ಯಾಶ್‌ಬೋರ್ಡ್ ಕಡೆ ಆಮೇಲೂ ಹೆಚ್ಚು ನೋಡಲಿಲ್ಲ. ಅಯಸ್ಕಾಂತ ಎಡಗಡೆ ಬಾಗಿಲ ಕೆಳಗೆ ಹಿಡಿಯಲಿಲ್ಲ, ಅಲ್ಲೆಲ್ಲ ಪುಟ್ಟಿ. ನೆಲದ ತಗಡು ಒಂದು ಕಡೆ ತುಕ್ಕು ತಿಂದಿತ್ತು. ಇದನ್ನು ನಾನೂ ಹೇಳುತ್ತಿದ್ದೆ. ಆರು ಸಾವಿರ ಕೊಟ್ಟಿದ್ದು ಇದಕ್ಕಲ್ಲ.

"ಮೇಷ್ಟ್ರೇ, ಇದರ ಬಾಡಿ ಚಾಸಿಸ್ ಮೇಲೆ ಬೋಲ್ಟ್ ಹಾಕಿ ಕೂರಿಸಿರೋದು. ಬಿಚ್ಚಿ ಬೇರೆ ಬಾಡಿ ಇಟ್ಟರೆ ಯಾರಿಗೂ ಗೊತ್ತಾಗಲ್ಲ" ಅಂದರು. ಅಲ್ಲಿಂದ ಮಾತು ಫೆರಾರಿಗೆ ಹೋಯಿತು. ಫೆರಾರಿಯ ರೇಸ್ ಗಾಡಿ 250 ಜಿಟಿಓ ಮಾಡಿದ್ದೇ 36. ಆದರೆ ನಾಲ್ಕು ಸೀಟಿನ 250 ಜಿಟಿಇಗಳನ್ನು ಕತ್ತರಿಸಿ ಜಿಟಿಓ ನಕಲು ಮಾಡಿದವರು ಬೇಕಾದಷ್ಟು ಜನ. ಹಾಗಾಗಿ ಅಲ್ಲಿ ದೊಡ್ಡ ದುಡ್ಡು ಸಿಗುವುದು ಚಾಸಿಸ್ ನಂಬರಿಗೆ, ಅದರ ಹಿಂದಿನ ಕಾಗದಕ್ಕೆ. 2018ರಲ್ಲಿ ಅಮೆರಿಕದ ಮಾಂಟೆರೇಯಲ್ಲಿ ಮಾರಾಟವಾದ ಜಿಟಿಓ ನಂಬರ್ 3413. 1963 ಮತ್ತು 1964ರಲ್ಲಿ ಇಟಲಿಯ ಟಾರ್ಗಾ ಫ್ಲೋರಿಯೋ ರೇಸಿನಲ್ಲಿ ತನ್ನ ಕ್ಲಾಸು ಗೆದ್ದ ಗಾಡಿ, ಇಂಜಿನ್ನೂ ಗೇರ್‌ಬಾಕ್ಸೂ ಅದರವೇ. ಬೆಲೆ 4.84 ಕೋಟಿ ಡಾಲರ್, ಅಂದರೆ ಆಗ ಸುಮಾರು 340 ಕೋಟಿ ರೂಪಾಯಿ. ಇನ್ನೊಂದು ಜಿಟಿಓ ಟೆಕ್ಸಾಸ್‌ನ ಒಂದು ಹೈಸ್ಕೂಲಿಗೆ ದಾನವಾಗಿ ಸೇರಿತ್ತು. 1972ರಲ್ಲಿ 6,500 ಡಾಲರಿಗೆ ಹೋಯಿತು, ಆಮೇಲೆ ಕೊಂಡವರ ಹತ್ತಿರ ವರ್ಷಗಟ್ಟಲೆ ಬಯಲಲ್ಲಿ ನಿಂತಿತ್ತು. ನಮ್ಮ ಐಟಿಐಗೆ ಬಂದ ದಾನದ ಗಾಡಿಗಳನ್ನು ನೆನೆಸಿಕೊಂಡೆ. ಎಲ್ಲ ಅಂಬಾಸಿಡರ್.

ಹುಡುಗ ಕಣ್ಣರಳಿಸಿ ಕೇಳುತ್ತಿದ್ದ. ಅವನ ಉತ್ಸಾಹವನ್ನು ಇವರೇ ಇಳಿಸಿದರು. ಆ 4.84 ಕೋಟಿಯಲ್ಲಿ ಹರಾಜಿನ ಸುತ್ತಿಗೆ ಬಿದ್ದಿದ್ದು 4.4 ಕೋಟಿಗೆ. ಮೇಲಿನ 44 ಲಕ್ಷ ಡಾಲರ್ ಹರಾಜು ಕಂಪನಿ ಕೊಂಡವರಿಂದ ತೆಗೆದುಕೊಳ್ಳುವ ಕಮಿಷನ್. ಪೇಪರಿನಲ್ಲಿ ಬರುವುದು ದೊಡ್ಡ ಸಂಖ್ಯೆ, ಮಾರಿದವರ ಕೈಗೆ ಅಷ್ಟು ಬರುವುದಿಲ್ಲ. ಇನ್ನು ಆ ಸಾವಿರ ಕೋಟಿಯ ಮರ್ಸಿಡಿಸ್ ಒಂದೇ ಒಂದು ರೇಸೂ ಓಡಿಲ್ಲ! ಮಾಡಿದ್ದು ಎರಡೇ ಎರಡು, ಅಷ್ಟು ವರ್ಷವೂ ಕಂಪನಿಯ ಹತ್ತಿರವೇ ಇದ್ದ ಗಾಡಿ. ಅದರ ಗುರುತಿನ ಬಗ್ಗೆ ಯಾರೂ ಪ್ರಶ್ನೆ ಕೇಳುವ ಹಾಗಿಲ್ಲ.

"ಸರಿ, ನಿಮ್ಮ ಕಾಗದ ತೋರಿಸಿ" ಅಂದರು. ಬಂದಿದ್ದು ಒಂದು ಆರ್‌ಸಿ ಪುಸ್ತಕ, ಒಂದು ಕಪ್ಪುಬಿಳುಪು ಫೋಟೋ. ಫೋಟೋದಲ್ಲಿ ಬಾಗಿಲ ಮೇಲೆ ರೇಸ್ ನಂಬರ್ ಬರೆದ ಹೆರಾಲ್ಡ್, ಪಕ್ಕದಲ್ಲಿ ಚಿಕ್ಕಪ್ಪ. ಮನೆಯವರೆಲ್ಲ ಮುಂದಿನ ಭಾಗ ತೋರಿಸಿ ತೋರಿಸಿ ಹೇಳಿದರು. ಇವರು ಸುಮ್ನೆ ತಿರುಗಿಸಿದರು. ಹಿಂದೆ ಸ್ಟುಡಿಯೋ ಸೀಲು, 1965. ಗಾಡಿ ರಿಜಿಸ್ಟರ್ ಆಗಿದ್ದೇ 1966ರಲ್ಲಿ. ಚಿಕ್ಕಪ್ಪ ರೇಸ್ ಓಡಿಸಿದ್ದು ನಿಜವೇ ಇರಬಹುದು. ಓಡಿಸಿದ್ದು ಈ ಗಾಡಿಯನ್ನಲ್ಲ.

ಆಮೇಲೆ ಆರ್‌ಟಿಓ ಆಫೀಸಿನಿಂದ ಬಿ-ಎಕ್ಸ್‌ಟ್ರಾಕ್ಟ್, ಅಂದರೆ ಗಾಡಿಯ ರಿಜಿಸ್ಟರ್ ದಾಖಲೆಯ ಪ್ರತಿ, ತರಿಸಿದರು. ಚಾಸಿಸ್ ನಂಬರ್ ತಾಳೆಯಾಯಿತು. ಇಂಜಿನ್ ನಂಬರ್ ಆಗಲಿಲ್ಲ, ಬದಲಾಯಿಸಿದ್ದನ್ನು ಎಲ್ಲೂ ದಾಖಲೆ ಮಾಡಿಸಿಲ್ಲ. ಕೊನೆಗೆ ಕಟ್ಟಿದ ಬೆಲೆ ಮೂರೂಕಾಲು ಲಕ್ಷ. ಐವತ್ತು ವರ್ಷ ದಾಟಿದ ಗಾಡಿಗೆ 2021ರಲ್ಲಿ ಬಂದ ವಿಂಟೇಜ್ ನಿಯಮದ ಬಗ್ಗೆಯೂ ಸ್ಪಷ್ಟವಾಗಿ ಬರೆದಿದ್ದಾರೆ. ವಿಂಟೇಜ್ ಅಂತ ರಿಜಿಸ್ಟರ್ ಮಾಡಿಸಿದರೆ ಹಳೆ ನಂಬರ್ ಉಳಿಸಿಕೊಳ್ಳಬಹುದು, ಆದರೆ ದಿನಾ ಓಡಿಸುವ ಹಾಗಿಲ್ಲ. ನನಗೆ ಇದು ಬಹಳ ಉಪಯೋಗಕ್ಕೆ ಬಂತು.

ಈಗ ದೂರು. ವರದಿ ವಾರದಲ್ಲಿ ಕೊಡುತ್ತೇನೆ ಅಂದವರು ತಿಂಗಳು ಮಾಡಿದರು, ಫೋನೂ ಎತ್ತುವುದಿಲ್ಲ. ಹನ್ನೊಂದು ಪುಟದಲ್ಲಿ ನಾಲ್ಕು ಪುಟ ಫೆರಾರಿ, ಜಾಗ್ವಾರ್, ಪೋರ್ಷೆ. ಬಾಯಲ್ಲಿ ಹೇಳಿದಾಗ ಚೆನ್ನಾಗಿತ್ತು, ವರದಿಯಲ್ಲಿ ಅದು ಯಾಕೆ? ನನಗೆ ಬೇಕಿದ್ದು ಬೆಂಗಳೂರು, ಚೆನ್ನೈ, ಕೊಯಮತ್ತೂರಿನಲ್ಲಿ ಹೆರಾಲ್ಡ್ ಎಷ್ಟಕ್ಕೆ ಹೋಗುತ್ತಿದೆ ಅನ್ನುವುದು. ಅದಕ್ಕೆ ಸಿಕ್ಕಿದ್ದು ಮೂರು ಸಾಲು, ತಾರೀಖೂ ಇಲ್ಲ. ತುಕ್ಕು ಹಿಡಿದ ಜಾಗದ ಫೋಟೋ ಕಪ್ಪುಬಿಳುಪಿನಲ್ಲಿ ಪ್ರಿಂಟ್ ಹಾಕಿದ್ದಾರೆ. ತುಕ್ಕು ಯಾವುದು, ನೆರಳು ಯಾವುದು ಅಂತ ನೀವೇ ಊಹಿಸಬೇಕು.

ಇನ್ನೊಂದು ವಿಷಯ ಇದಕ್ಕಿಂತ ದೊಡ್ಡದು. ವರದಿ ಕೈಗೆ ಕೊಟ್ಟು, "ನಿಮಗೆ ಬೇಡ ಅಂದ್ರೆ ಹೇಳಿ ಮೇಷ್ಟ್ರೇ, ನನ್ನ ಹತ್ತಿರ ಒಂದು ಪಾರ್ಟಿ ಇದೆ" ಅಂದರು. ಬೆಲೆ ಕಟ್ಟುವವರೇ ಗಿರಾಕಿ ಹುಡುಕಿದರೆ ಕಟ್ಟಿದ ಬೆಲೆಯನ್ನು ನಂಬುವುದು ಹೇಗೆ? ಮೂರೂಕಾಲು ಸ್ವಲ್ಪ ಕಡಿಮೆಯೇ ಆಯಿತೇನೋ ಅನ್ನುವ ಅನುಮಾನ ಅಲ್ಲಿಂದ ಶುರುವಾಯಿತು. ಪೆನ್ಸಿಲ್ ಪ್ರಿಂಟು, ಬಿ-ಎಕ್ಸ್‌ಟ್ರಾಕ್ಟು, ಆ ಸೀಲು ಮಾತ್ರ ಯಾರು ನೋಡಿದರೂ ಅದೇ. ಅವುಗಳ ಮೇಲೆ ನಾನು ನಾಲ್ಕು ಲಕ್ಷ ಹೇಳಿದ್ದೇನೆ. ಹುಡುಗ ಏಳಕ್ಕೆ ಇಳಿದಿದ್ದಾನೆ, ಇನ್ನೂ ಮಾತಾಡುತ್ತಿದ್ದೇವೆ.

ಐದಕ್ಕೆ ಮೂರೂವರೆ ಸ್ಟಾರ್ ಕೊಡುತ್ತೇನೆ. ಹೋಗುವುದಾದರೆ ಈ ಗಾಡಿಯ ಮಾರಾಟದಲ್ಲಿ ಅವರಿಗೆ ಕಮಿಷನ್ ಇಲ್ಲ ಅಂತ ಮೊದಲೇ ಬರೆಸಿಕೊಳ್ಳಿ. ಫೋಟೋಗಳನ್ನು ವಾಟ್ಸಾಪಿನಲ್ಲಿ ಕಲರ್‌ನಲ್ಲೇ ಕಳಿಸಲು ಹೇಳಿ. ರಸೀದಿಯನ್ನೂ ಕೇಳಿ, ಕೇಳದಿದ್ದರೆ ಕೊಡುವುದಿಲ್ಲ.