ಸೋಮವಾರಪೇಟೆಯ ಝೆರಾಕ್ಸ್ ಅಂಗಡಿ ಮತ್ತು ನಮ್ಮವ್ವನ 7,200 ರೂಪಾಯಿ

ಅಂಗಡಿಯ ಹೆಸರು ಬರೆಯಲ್ಲ. ಬರೀಬೇಡಿ ಅಂದಿದ್ದು ಅಂಗಡಿಯವನೇ. "ಈಗ ಬರೋರಿಗೇ ಕುರ್ಚಿ ಸಾಲಲ್ಲ ಮೇಷ್ಟ್ರೇ, ನೀವು ಬೇರೆ ಹೊಗಳಿಬಿಟ್ರೆ ರಸ್ತೇಲಿ ಕೂರಿಸಬೇಕಾಗುತ್ತೆ" ಅಂದ. ಬಸ್ ಸ್ಟ್ಯಾಂಡಿನಿಂದ ನಡೆದೇ ಹೋಗಬಹುದು. ಮೂರು ಮೆಟ್ಟಿಲು. 'ಝೆರಾಕ್ಸ್, ಲ್ಯಾಮಿನೇಷನ್, ಇನ್‌ಕಮ್ ಟ್ಯಾಕ್ಸ್, ಪಿಂಚಣಿ' ಅಂತ ಬೋರ್ಡು. ಸೋಮವಾರಪೇಟೆಯವರಿಗೆ ಇಷ್ಟು ಸಾಕು.

ನಾನು ಮಾದಾಪುರದ ಕಡೆಯವನು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ರಿಟೈರ್ ಆದವನು. ಮನೆಯಲ್ಲಿ ನನಗೆ 68, ಹೆಂಡತಿಗೆ 63, ಅವ್ವನಿಗೆ 88. ಮಗ ಬೆಂಗಳೂರು, ಮಗಳು ಪುಣೆ. ಅರ್ಥಶಾಸ್ತ್ರದವರು 'ವೃದ್ಧರ ಅವಲಂಬನೆ ಅನುಪಾತ' ಅಂತ ಒಂದು ಲೆಕ್ಕ ಹಾಕ್ತಾರಲ್ಲ, ದುಡಿಯುವ ವಯಸ್ಸಿನವರು ಇಷ್ಟಿದ್ದರೆ ಅವರ ಮೇಲೆ ಎಷ್ಟು ಮಂದಿ ವಯಸ್ಸಾದವರು ಅಂತ, ಅದನ್ನ ನಮ್ಮ ಮನೆಗೆ ಹಾಕಿದರೆ ಮೇಲೆ ಮೂರು, ಕೆಳಗೆ ಸೊನ್ನೆ. ಸೊನ್ನೆಯಿಂದ ಭಾಗಿಸಬಾರದು ಅಂತ ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದವನ ಮನೆಯ ಸ್ಥಿತಿ ಇದು. ಅಕ್ಕಪಕ್ಕದ ನಾಲ್ಕು ಮನೆಯದೂ ಇದೇ ಕಥೆ.

2025ರ ಮಳೆಗಾಲದಲ್ಲಿ ಈ ಅಂಗಡಿಗೆ ಮೊದಲ ಸಲ ಹೋಗಿದ್ದು ಅವ್ವನ ದುಡ್ಡಿಗಾಗಿ. ಅಪ್ಪ ಮಿಲಿಟರಿಯಲ್ಲಿದ್ದವರು, ಅವ್ವನಿಗೆ ಫ್ಯಾಮಿಲಿ ಪೆನ್ಷನ್ ಬರುತ್ತೆ. ಜೊತೆಗೆ ಬ್ಯಾಂಕಿನ ಡಿಪಾಸಿಟ್ಟಿಗೆ ಅದರ ಹಿಂದಿನ ಹಣಕಾಸು ವರ್ಷದಲ್ಲಿ, ಅಂದರೆ 2024-25ರಲ್ಲಿ, 72,000 ಬಡ್ಡಿ ಬಂದಿತ್ತು, ಅದರಲ್ಲಿ 7,200 ಟಿಡಿಎಸ್ ಅಂತ, ಅಂದರೆ ಮೊದಲೇ ಮುರಿದುಕೊಳ್ಳುವ ತೆರಿಗೆ ಅಂತ, ಬ್ಯಾಂಕಿನವರು ಹಿಡಿದಿದ್ದರು. ತಪ್ಪು ನನ್ನದೇ. ಏಪ್ರಿಲ್‌ನಲ್ಲಿ ಆ ವರ್ಷದ ಶುರುವಿಗೇ, ತೆರಿಗೆ ಹಿಡಿಯಬೇಡಿ ಅಂತ ಬ್ಯಾಂಕಿಗೆ ಬರೆದುಕೊಡುವ 15ಎಚ್ ಫಾರಂ ಕೊಡೋದು ಮರೆತಿದ್ದೆ. ಅವ್ವ ಮಾತ್ರ ದಿನಾ ಕಾಫಿ ಹೊತ್ತಿಗೆ ಕೇಳೋರು: "ನನ್ನ ದುಡ್ಡು ತಗೊಂಡಿದ್ದು ಯಾರು?"

ಅಂಗಡಿಯವನು ಪಾಸ್‌ಬುಕ್ ನೋಡಿ ಎರಡೇ ಮಾತು ಹೇಳಿದ. ಆದಾಯ ತೆರಿಗೆಗೆ ಹಳೇದು, ಹೊಸದು ಅಂತ ಎರಡು ಪದ್ಧತಿ, 80 ದಾಟಿದವರಿಗೆ ಹಳೇ ಪದ್ಧತಿಯಲ್ಲಿ 5 ಲಕ್ಷದವರೆಗೆ ತೆರಿಗೆಯೇ ಇಲ್ಲ, ಹಾಗಾಗಿ ಪೂರ್ತಿ ವಾಪಸ್ ಬರುತ್ತೆ. ಎರಡನೇದು, ಬಡ್ಡಿ 50,000 ದಾಟಿದರೆ ಟಿಡಿಎಸ್ ಅಂತ ಇದ್ದದ್ದನ್ನ ಹಿರಿಯ ನಾಗರಿಕರಿಗೆ 2025ರ ಏಪ್ರಿಲ್ 1ರಿಂದ 1 ಲಕ್ಷಕ್ಕೆ ಏರಿಸಿದ್ದಾರೆ, ಇನ್ನು ಮುಂದೆ ಈ ತಾಪತ್ರಯ ಇರಲ್ಲ. ರಿಟರ್ನ್ ಹಾಕೋಕೆ 500 ರೂಪಾಯಿ ತಗೊಂಡ. ಹಣ ಬಂತು, ಚೂರು ಬಡ್ಡಿಯೂ ಸೇರಿತ್ತು. ಅವ್ವನಿಗೆ ಮೆಸೇಜ್ ತೋರಿಸಿದರೆ ನಂಬಲಿಲ್ಲ. ನೋಟು ತಂದು ಕೈಗೆ ಕೊಡಬೇಕಾಯಿತು.

ಹೋಗಿದ್ದೇ ಹೋಗಿದ್ದು, ನನ್ನ ಫೈಲೂ ತೋರಿಸಿದೆ. ನನ್ನ ರಿಟರ್ನ್ ಜುಲೈನಲ್ಲೇ ಬೇರೊಬ್ಬರು ಹಾಕಿದ್ದರು, 2,000 ಫೀಸು, ದೊಡ್ಡ ಮೇಜು, ಎ.ಸಿ. ರೂಮು. ಅವರ ಹೆಸರೂ ಬೇಡ. "ತೋಟದ ದುಡ್ಡಿಗೆ ತೆರಿಗೆ ಇಲ್ಲ, ತೋರಿಸೋದೇ ಬೇಡ" ಅಂದಿದ್ದರು. ಈತ ಒಂದನೇ ಪುಟದಲ್ಲೇ ನಿಂತ. "ಮೇಷ್ಟ್ರೇ, ನಿಮಗೆ ಕಾಫಿ ಇಲ್ವಾ?" ಮೂರೂವರೆ ಎಕರೆ ರೋಬಸ್ಟಾ ಇದೆ, ಆ ವರ್ಷ ಬೆಲೆ ಏರಿತ್ತು, ಖರ್ಚು ಕಳೆದು 4 ಲಕ್ಷ ಉಳಿದಿತ್ತು ಅಂದೆ. "ಕೃಷಿ ಆದಾಯ 5,000 ದಾಟಿದ ಮೇಲೆ ಈ ಫಾರಂ ಅಲ್ಲ, ಐಟಿಆರ್ 2" ಅಂದ.

ಆಮೇಲೆ ಲೆಕ್ಕ ನಾನೇ ಹಾಕಿದೆ, ಅವನ ಮೇಜಿನ ಮೇಲಿದ್ದ ಮದುವೆ ಕಾಗದದ ಹಿಂದೆ. ಪಿಂಚಣಿ 5,40,000, ಬಡ್ಡಿ 1,85,000, ಪಿಂಚಣಿದಾರರಿಗೆ ಬಿಡುವ ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಕಳೆದರೆ 6,50,000. ಹೊಸ ಪದ್ಧತಿಯಲ್ಲಿ ಆಗ 7 ಲಕ್ಷದವರೆಗೆ ರಿಯಾಯಿತಿ ಇತ್ತು, ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಮುಗಿಯಲಿಲ್ಲ. ಕಾಫಿ ದುಡ್ಡಿಗೆ ತೆರಿಗೆ ಇಲ್ಲದಿದ್ದರೂ ದರ ಗೊತ್ತುಮಾಡೋಕೆ ಅದನ್ನೂ ಲೆಕ್ಕಕ್ಕೆ ತಗೋಬೇಕು. ಕಾಫಿಯ 4 ಲಕ್ಷ ಸೇರಿಸಿ 10,50,000ಕ್ಕೆ ತೆರಿಗೆ ತೆಗೆದರೆ 57,500. ಆ 4 ಲಕ್ಷಕ್ಕೆ ತೆರಿಗೆ ಇಲ್ಲದ ಮೊದಲ 3 ಲಕ್ಷ ಸೇರಿಸಿ 7 ಲಕ್ಷಕ್ಕೆ ತೆಗೆದರೆ 20,000. ಒಂದರಲ್ಲಿ ಇನ್ನೊಂದು ಕಳೆದರೆ 37,500. ರಿಯಾಯಿತಿ ಹೆಚ್ಚೆಂದರೆ 25,000. ಉಳಿದದ್ದು 12,500, ಸೆಸ್ 500 ಸೇರಿ 13,000. ಅಂದರೆ ಕಾಫಿಗೆ ತೆರಿಗೆ ಇಲ್ಲ ಅನ್ನೋದು ನಿಜ, ಆದರೆ ಕಾಫಿ ಪಕ್ಕದಲ್ಲಿ ಕೂತು ಪಿಂಚಣಿಯ ತೆರಿಗೆ ದರ ಏರಿಸುತ್ತೆ. ಇದು ಇಂದು ನಿನ್ನೆಯದಲ್ಲ. ಕೃಷಿ ಆದಾಯಕ್ಕೆ ತೆರಿಗೆ ಹಾಕುವ ಅಧಿಕಾರ ಸಂವಿಧಾನದಲ್ಲಿ ರಾಜ್ಯಗಳದ್ದು, ಕೇಂದ್ರ ನೇರವಾಗಿ ಕೈ ಹಾಕುವಂತಿಲ್ಲ. ಅದಕ್ಕೇ ಅರ್ಥಶಾಸ್ತ್ರಜ್ಞ ಕೆ.ಎನ್. ರಾಜ್ ಅವರ ಸಮಿತಿ 1972ರಲ್ಲಿ ಈ ದಾರಿ ತೋರಿಸಿತು, 1973ರ ಹಣಕಾಸು ಕಾಯ್ದೆಯಲ್ಲಿ ಜಾರಿಗೆ ಬಂತು. ನನ್ನನ್ನು ಕೇಳಿದರೆ ಅನ್ಯಾಯವೇನಲ್ಲ. ತೋಟ ಇಲ್ಲದ ನನ್ನ ಸಹೋದ್ಯೋಗಿಗೂ ನನಗೂ ಒಂದೇ ಪಿಂಚಣಿ ಇರಬಹುದು, ತೆರಿಗೆ ಕಟ್ಟುವ ಶಕ್ತಿ ಒಂದೇ ಅಲ್ಲ.

ರಿವೈಸ್ಡ್ ರಿಟರ್ನ್ ಹಾಕಿಸಿ 13,000 ಕಟ್ಟಿದೆ. 60 ದಾಟಿ ವ್ಯಾಪಾರದ ಆದಾಯ ಇಲ್ಲದವರಿಗೆ ಮುಂಗಡ ತೆರಿಗೆ ಇಲ್ಲ, ಹಾಗಾಗಿ ಬಡ್ಡಿ ಬೀಳಲಿಲ್ಲ. ಮುಂದಿನ ವರ್ಷದ ದರದಲ್ಲಿ ಇದೇ ಅಂಕಿ ಇಟ್ಟು ನೋಡಿದರೆ ತೆರಿಗೆ ಸೊನ್ನೆ, ಯಾಕಂದರೆ ತೆರಿಗೆಯ ಹಂತಗಳೂ ಬದಲಾಗಿವೆ, ರಿಯಾಯಿತಿಯೂ 60,000ಕ್ಕೆ ಏರಿದೆ. ಈ ಸೊನ್ನೆ ಮೇಲೆ ಬಂದದ್ದು, ಕೆಳಗಲ್ಲ. ಅಂಗಡಿಯವನ ಫೀಸು 800. ಎ.ಸಿ. ಇಲ್ಲ, ಫ್ಯಾನಿನ ಒಂದು ರೆಕ್ಕೆ ಬಗ್ಗಿದೆ.

ಕಾಯುವ ಹೊತ್ತು ಮಾತ್ರ ಜಾಸ್ತಿ. ಸೋಮವಾರ ಸಂತೆ ದಿನ ಹೋದರೆ ಮಧ್ಯಾಹ್ನ ಅಲ್ಲೇ. ಕೂತವರ ತಲೆ ಎಣಿಸಿದೆ, ಹನ್ನೊಂದರಲ್ಲಿ ಒಂಬತ್ತು ಬಿಳಿ. ಕೊಡಗಿನ ಜನಸಂಖ್ಯೆ 2001ರಲ್ಲಿ 5,48,561, 2011ರಲ್ಲಿ 5,54,519. ಹತ್ತು ವರ್ಷಕ್ಕೆ ಆರು ಸಾವಿರವೂ ಏರಲಿಲ್ಲ. ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು ಅಂತ ಐದನೇ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಜನಸಂಖ್ಯೆ ನಿಂತಲ್ಲಿ ನಿಲ್ಲಬೇಕಾದರೂ 2.1 ಬೇಕು. ಇಡೀ ದೇಶದಲ್ಲಿ 60 ದಾಟಿದವರು 2050ರ ಹೊತ್ತಿಗೆ ಐದರಲ್ಲೊಬ್ಬರು ಅನ್ನೋ ಅಂದಾಜಿದೆ. ಆ ಬೆಂಚಿಗೆ 2050 ಆಗಲೇ ಬಂದು ಕೂತಿತ್ತು.

ಅವತ್ತು ನನ್ನ ಪಕ್ಕ ಎಸ್ಟೇಟಿನಲ್ಲಿ ಕೆಲಸ ಮಾಡಿ ನಿಲ್ಲಿಸಿದ ಒಬ್ಬ ಹೆಂಗಸು ಕೂತಿದ್ದರು. ವಯಸ್ಸಾದವರಿಗೆ ರಾಜ್ಯ ಸರ್ಕಾರ ಕೊಡುವ ಸಂಧ್ಯಾ ಸುರಕ್ಷಾದ ತಿಂಗಳ 1,200 ಎರಡು ತಿಂಗಳಿಂದ ಕೈಗೆ ಬಂದಿಲ್ಲ. ಅಂಗಡಿಯವನು ಆಧಾರ್ ಯಾವ ಖಾತೆಗೆ ಜೋಡಣೆ ಆಗಿದೆ ಅಂತ ನೋಡಿದ. ಮೊಮ್ಮಗ ಯಾವುದೋ ಸಾಲಕ್ಕೆ ತೆರೆಸಿದ ಹೊಸ ಖಾತೆಗೆ ದುಡ್ಡು ಹೋಗಿ ಕೂತಿತ್ತು. "ಇದೆ ಅಜ್ಜೀ, ಎಲ್ಲೂ ಹೋಗಿಲ್ಲ" ಅಂದ. ಆಕೆ ಸೆರಗಿನ ಗಂಟು ಬಿಚ್ಚೋಕೆ ಹೋದರೆ ಬೇಡ ಅಂದುಬಿಟ್ಟ. ವೃದ್ಧಾಪ್ಯ ವೇತನದ ರಾಷ್ಟ್ರೀಯ ಯೋಜನೆಯಲ್ಲಿ ಕೇಂದ್ರದ ಪಾಲು 79ರವರೆಗೆ ಇಂದಿಗೂ ತಿಂಗಳಿಗೆ 200 ರೂಪಾಯಿ. ನನ್ನ ಒಂದು ರಿಟರ್ನ್ ಫೀಸು ಅಂತಹ ನಾಲ್ಕು ತಿಂಗಳು. ಇದನ್ನೂ ಅದೇ ಮದುವೆ ಕಾಗದದ ಮೂಲೆಯಲ್ಲಿ ಬರೆದುಕೊಂಡೆ.

ನವೆಂಬರಿನಲ್ಲಿ ಅವ್ವನ ಲೈಫ್ ಸರ್ಟಿಫಿಕೇಟ್. ಜೀವನ್ ಪ್ರಮಾಣ್ ಅಂತ 2014ರಿಂದ ಕಂಪ್ಯೂಟರಿನಲ್ಲೇ ಆಗುತ್ತೆ, ಹೆಬ್ಬೆರಳು ಒತ್ತಿದರೆ ಸಾಕು. ನಮ್ಮವ್ವನ ಹೆಬ್ಬೆರಳಲ್ಲಿ ಗೆರೆಯೇ ಉಳಿದಿಲ್ಲ. ಅರವತ್ತು ವರ್ಷ ಕಾಫಿ ಕೊಯ್ದು, ಬೂದಿ ಹಾಕಿ ಪಾತ್ರೆ ಉಜ್ಜಿ, ಬೆರಳ ತುದಿ ಹುಣಸೆ ಬೀಜದ ಹಾಗೆ ನುಣುಪು. ಮೆಷಿನ್ ಒಪ್ಪಲಿಲ್ಲ. 2021ರಿಂದ ಮುಖ ತೋರಿಸಿಯೂ ಮಾಡಬಹುದು ಅಂತ ಅಂಗಡಿಯ ಹುಡುಗ ಬೈಕಿನಲ್ಲಿ ಮನೆಗೇ ಬಂದ. 150 ರೂಪಾಯಿ. (ಪೋಸ್ಟ್‌ಮ್ಯಾನ್‌ಗೆ ಹೇಳಿದರೆ 70ಕ್ಕೆ ಮನೆಗೇ ಬಂದು ಮಾಡಿಕೊಡ್ತಾರೆ ಅಂತ ಹೇಳಿದ್ದೂ ಆ ಅಂಗಡಿಯವನೇ. ತನ್ನ ಗಿರಾಕಿಯನ್ನ ತಾನೇ ಕಳಿಸಿಕೊಡುವ ವ್ಯಾಪಾರಿ ಇವನೊಬ್ಬನೇ ಇರಬೇಕು.)

ಒಳಗೆ ಸಿಗ್ನಲ್ ಇಲ್ಲ. ಕಣಕ್ಕೆ ಕುರ್ಚಿ ಹಾಕಿದೆವು. ಕೊಯ್ಲು ಇನ್ನೂ ದೂರ, ಪಾಚಿ ಕೆರೆಸಿದ ಕಣ ಖಾಲಿ ಇತ್ತು. ಅವ್ವ ಚಳಿಗೆ ಕಟ್ಟಿದ ತಲೆವಸ್ತ್ರ ಬಿಚ್ಚಲ್ಲ ಅಂತ ಹಟ. ಕೊನೆಗೆ ಬಿಚ್ಚಿದರು. ಹುಡುಗ ಮೊಬೈಲ್ ಹಿಡಿದು "ಕಣ್ಣು ಮಿಟುಕಿಸಿ ಅಜ್ಜಿ" ಅಂದ.

"ಯಾರಿಗೆ?" ಅಂದರು ಅವ್ವ.

"ಮೊಬೈಲಿಗೆ. ನೀವು ಬದುಕಿದ್ದೀರಿ ಅಂತ ಅದಕ್ಕೆ ಗೊತ್ತಾಗಬೇಕು."

"ಬದುಕಿದ್ದೀನಿ ಅಂತ ತೋರಿಸೋಕೆ ಈ ವಯಸ್ಸಲ್ಲಿ ಕಣ್ಣು ಹೊಡೀಬೇಕಾ?"

ಮೂರನೇ ಸಲಕ್ಕೆ ಆಯಿತು. ಹುಡುಗ ನಗ್ತಾ ಇದ್ದದ್ದಕ್ಕೆ ಮೊಬೈಲ್ ಅಲ್ಲಾಡಿ ಎರಡು ಸಲ ಕೆಟ್ಟಿದ್ದು, ಅವ್ವನ ತಪ್ಪಲ್ಲ.

ಇನ್ನು ದೂರು. ಮೂರು ಮೆಟ್ಟಿಲು ಎತ್ತರ, ಹಿಡಿಯೋಕೆ ಕಂಬಿ ಇಲ್ಲ. ಬರುವವರೆಲ್ಲ ಮಂಡಿ ನೋವಿನವರು, ಮಳೆಯಲ್ಲಂತೂ ಜಾರುತ್ತೆ. ರಸೀದಿ ಕೇಳಿದರೆ ಮಾತ್ರ ಕೊಡ್ತಾನೆ. ಎಲ್ಲರ ಪಾಸ್‌ವರ್ಡೂ ಒಂದೇ ಉದ್ದ ನೋಟ್‌ಬುಕ್ಕಿನಲ್ಲಿ ಬರೆದಿಡ್ತಾನೆ, ಆ ಪುಸ್ತಕ ಕೌಂಟರ್ ಮೇಲೇ ಬಿದ್ದಿರುತ್ತೆ. ನಾನು ಮನೆಗೆ ಬಂದು ನನ್ನದನ್ನ ಬದಲಾಯಿಸಿದೆ, ನೀವೂ ಹಾಗೇ ಮಾಡಿ. ಎಲ್ಲಕ್ಕಿಂತ ಕೆಟ್ಟದ್ದು ಒಟಿಪಿ. ಕಿವಿ ಮಂದ ಇದ್ದವರಿಗೆ ಕೇಳಲಿ ಅಂತ "ನಂಬರ್ ಎಷ್ಟು ಬಂತು ಸಾರ್?" ಅಂತ ಕೂಗ್ತಾನೆ, ಅವರೂ ಅಷ್ಟೇ ಜೋರಾಗಿ ಆರು ಅಂಕಿ ಕೂಗ್ತಾರೆ. ಎದುರಿನ ಹಣ್ಣಿನ ಅಂಗಡಿಯವನಿಗೆ ನಮ್ಮೆಲ್ಲರ ಒಟಿಪಿ ಗೊತ್ತು.

ಹೋಗುವವರು ಸೋಮವಾರ ಬಿಟ್ಟು ಹೋಗಿ. ಆಧಾರಿಗೆ ಜೋಡಿಸಿದ ಮೊಬೈಲೇ ಒಯ್ಯಿರಿ, ಚಾರ್ಜ್ ಹಾಕಿಕೊಂಡು. ತೋಟ ಇದ್ದರೆ ಮುಚ್ಚಿಡಬೇಡಿ, ಮೊದಲೇ ಹೇಳಿ.

ಐದಕ್ಕೆ ನಾಲ್ಕು ಅಂಕ. ಮೆಟ್ಟಿಲಿಗೆ ಕಂಬಿ ಹಾಕಿಸಿದ ದಿನ ಅರ್ಧ ಕೊಡ್ತೀನಿ, ಉಳಿದರ್ಧ ಒಟಿಪಿ ಮೆತ್ತಗೆ ಕೇಳಿದ ದಿನ.