ಹಳೇ ಗೇಮಿಂಗ್ ಪಿಸಿಗೆ ಡ್ರೈವ್ ಕೊಳ್ಳುವ ಮುಂಚೆ ಓದಿ: ನಾನು ಕಳೆದುಕೊಂಡದ್ದು ದುಡ್ಡು ಮಾತ್ರ ಅಲ್ಲ

ನಾನೂ ನನ್ನ ತಮ್ಮನೂ ಆರು ವರ್ಷ ಕೂತು ಮೈನ್‌ಕ್ರಾಫ್ಟ್ ಗೇಮಿನಲ್ಲಿ ಕಟ್ಟಿದ ಲೋಕ ಒಂದಿತ್ತು. ಅವನು ಏಳನೇ ಕ್ಲಾಸಿನಲ್ಲಿದ್ದಾಗ ಶುರು ಮಾಡಿದ್ದು. ಈಗ ಅದು ಇಲ್ಲ. ಹಳೇ ಕಂಪ್ಯೂಟರಿಗೆ ಕಡಿಮೆ ದುಡ್ಡಿನಲ್ಲಿ ಹೊಸ ಡ್ರೈವ್ ಹಾಕೋಣ ಅಂತ ಹೊರಟು ಮೂರು ಡ್ರೈವ್ ತರಿಸಿದೆ, ಮೂರರಲ್ಲೂ ಎಡವಿದೆ. ಮೂರನೆಯದು ಹೋಗುವಾಗ ಆ ಲೋಕವನ್ನೂ ತೆಗೆದುಕೊಂಡು ಹೋಯಿತು. ನಿಮ್ಮ ಹತ್ತಿರವೂ ಎಂಟು-ಹತ್ತು ವರ್ಷದ ಗೇಮಿಂಗ್ ಪಿಸಿ ಇದ್ದು, ಅದಕ್ಕೆ ಡ್ರೈವ್ ಹುಡುಕುತ್ತಿದ್ದರೆ, ಆರ್ಡರ್ ಹಾಕುವ ಮುಂಚೆ ಇದನ್ನೊಮ್ಮೆ ಪೂರ್ತಿ ಓದಿ.

ನನ್ನದರಲ್ಲಿ ಇದ್ದದ್ದು 1 ಟಿಬಿ ಹಾರ್ಡ್ ಡಿಸ್ಕ್ ಒಂದೇ. ಬಾಲ್ಡರ್ಸ್ ಗೇಟ್ 3 ಗೇಮ್ ಒಂದಕ್ಕೇ 150 ಜಿಬಿ ಬೇಕು, ಅದೂ ಎಸ್‌ಎಸ್‌ಡಿಯಲ್ಲೇ (ತಿರುಗುವ ತಟ್ಟೆಗಳ ಬದಲು ಚಿಪ್‌ಗಳಿರುವ ವೇಗದ ಡ್ರೈವ್) ಬೇಕು. ಸ್ಟಾರ್‌ಫೀಲ್ಡ್‌ಗೆ 125 ಜಿಬಿ, ಅದಕ್ಕೂ ಎಸ್‌ಎಸ್‌ಡಿ ಕಡ್ಡಾಯ. ಹಾಗಾಗಿ ಡ್ರೈವ್ ಬದಲಾಯಿಸಬೇಕು ಅಂದುಕೊಂಡದ್ದರಲ್ಲಿ ತಪ್ಪಿರಲಿಲ್ಲ. ಕೊಂಡ ರೀತಿ ತಪ್ಪಾಯಿತು.

ಮೊದಲು ತಂದದ್ದು ಎನ್‌ವಿಎಂಇ ಡ್ರೈವ್, ಅಂದರೆ ತುಂಬಾ ವೇಗದ ಬಗೆಯ ಎಸ್‌ಎಸ್‌ಡಿ. ಡಬ್ಬದ ಮೇಲೆ ಸೆಕೆಂಡಿಗೆ 3,500 ಎಂಬಿ ಅಂತ ದಪ್ಪಕ್ಷರದಲ್ಲಿತ್ತು. ನನ್ನ ಮದರ್‌ಬೋರ್ಡಿನಲ್ಲಿ ಎಂ.2 ಸ್ಲಾಟ್ ಇದೆ, ಡ್ರೈವ್ ಕೂಡ ಎಂ.2, ಇನ್ನೇನು ನೋಡುವುದು ಅಂದುಕೊಂಡೆ. ಡ್ರೈವ್ ಸಲೀಸಾಗಿ ಕೂತಿತು, ಸ್ಕ್ರೂ ಹಾಕಿದೆ, ಬಯಾಸ್ (ಕಂಪ್ಯೂಟರ್ ಶುರುವಾಗುವಾಗ ಮೊದಲು ಓಡುವ ಬೋರ್ಡಿನ ಸಾಫ್ಟ್‌ವೇರ್) ತೆರೆದರೆ ಡ್ರೈವಿನ ಹೆಸರೇ ಇಲ್ಲ. ಬಿಚ್ಚಿ ಹಾಕಿದೆ, ಬಯಾಸ್ ಅಪ್‌ಡೇಟ್ ಮಾಡಿದೆ, ಅರ್ಧ ರಾತ್ರಿ ಹೋಯಿತು. ಕೊನೆಗೆ ಬೋರ್ಡಿನ ಮ್ಯಾನ್ಯುಯಲ್ ತೆಗೆದು ನೋಡಿದರೆ ಆ ಸ್ಲಾಟ್ ಸಾಟಾ ಡ್ರೈವ್‌ಗೆ, ಅಂದರೆ ಹಳೇ ನಿಧಾನದ ಬಗೆಯದಕ್ಕೆ, ಮಾತ್ರ ಅಂತ ಒಂದೇ ಸಾಲಿನಲ್ಲಿ ಬರೆದಿತ್ತು. ಎಂ.2 ಅನ್ನುವುದು ಆಕಾರದ ಹೆಸರು ಅಷ್ಟೇ. ಅದರೊಳಗೆ ಹರಿಯುವುದು ಸಾಟಾನೋ ಎನ್‌ವಿಎಂಇನೋ ಅನ್ನುವುದು ಬೇರೆ ವಿಷಯ. ಡ್ರೈವಿನ ಅಂಚಿನ ಕಚ್ಚು ನೋಡಿ, ಎರಡಿದ್ದರೆ ಸಾಟಾ, ಒಂದಿದ್ದರೆ ಎನ್‌ವಿಎಂಇ, ಹೀಗೆ ಗುರುತು ಹಿಡಿಯಬಹುದು ಅಂತ ಹಲವರು ಹೇಳುತ್ತಾರೆ. ಎರಡು ಕಚ್ಚು ಇರುವ ಎನ್‌ವಿಎಂಇ ಡ್ರೈವ್‌ಗಳೂ ಇವೆ, ಅದನ್ನು ನಂಬಬೇಡಿ, ಮ್ಯಾನ್ಯುಯಲ್ ನಂಬಿ. ಕೆಲವು ಬೋರ್ಡುಗಳಲ್ಲಿ ಎಂ.2 ತುಂಬಿದರೆ ಒಂದೆರಡು ಸಾಟಾ ಪೋರ್ಟ್ ಕೆಲಸ ನಿಲ್ಲಿಸುತ್ತವೆ, ಅದೂ ಅದೇ ಪುಟದಲ್ಲಿ ಇರುತ್ತದೆ. ಇನ್ನೂ ಹಳೇ ಬೋರ್ಡಾದರೆ ಗ್ರಾಫಿಕ್ಸ್ ಕಾರ್ಡ್ ಕೂರುವಂಥ ಪಿಸಿಐಇ ಸ್ಲಾಟಿಗೆ ಅಡಾಪ್ಟರ್ ಹಾಕಿ ಎನ್‌ವಿಎಂಇ ಬಳಸಬಹುದು, ಆದರೆ ಬಯಾಸ್ ಒಪ್ಪದಿದ್ದರೆ ವಿಂಡೋಸ್ ಅದರಿಂದ ಬೂಟ್ ಆಗುವುದಿಲ್ಲ.

ಆ ಡ್ರೈವ್ ವಾಪಸ್ ಹೋಯಿತು. ಎರಡನೆಯದಾಗಿ 2.5 ಇಂಚಿನ ಸಾಟಾ ಎಸ್‌ಎಸ್‌ಡಿ, ಇರುವುದರಲ್ಲೇ ಅಗ್ಗದ್ದು, ತರಿಸಿದೆ. ಇಲ್ಲಿ ಮೋಸವೇನೂ ಆಗಲಿಲ್ಲ, ನನಗೆ ತಿಳಿದಿರಲಿಲ್ಲ ಅಷ್ಟೇ. ಗೇಮುಗಳೆಲ್ಲ ಇರುವ ಸ್ಟೀಮ್ ಫೋಲ್ಡರ್ ಕಾಪಿಗೆ ಹಾಕಿದೆ, ಸುಮಾರು 400 ಜಿಬಿ. ಮೊದಲು ಸೆಕೆಂಡಿಗೆ 120 ಎಂಬಿ ಬರುತ್ತಿತ್ತು. ಹಳೇ ಡಿಸ್ಕು ಓದುವ ವೇಗವೇ ಅಷ್ಟು. ಒಂದಷ್ಟು ಹೊತ್ತಿನ ಮೇಲೆ ಕಾಪಿ ಕಿಟಕಿಯ ಹಸಿರು ಗ್ರಾಫ್ ಮೆಟ್ಟಿಲು ಇಳಿದ ಹಾಗೆ ಕೆಳಗೆ ಬಂತು: 80, 60, ಆಮೇಲೆ 40ಕ್ಕೆ ಬಂದು ಅಲ್ಲೇ ಕೂತಿತು. ಹೊಸ ಎಸ್‌ಎಸ್‌ಡಿ ಹಳೇ ಹಾರ್ಡ್ ಡಿಸ್ಕಿಗಿಂತ ನಿಧಾನ!

ಕಾರಣ ಆಮೇಲೆ ಓದಿ ತಿಳಿದುಕೊಂಡೆ. ಅಗ್ಗದ ಡ್ರೈವ್‌ಗಳಲ್ಲಿ ಹೆಚ್ಚಾಗಿ ಕ್ಯೂಎಲ್‌ಸಿ ಫ್ಲ್ಯಾಶ್ ಇರುತ್ತದೆ, ಅಂದರೆ ಒಂದೊಂದು ಕೋಶದಲ್ಲಿ ನಾಲ್ಕು ಬಿಟ್. ಹಾಗೆ ಒತ್ತಿ ತುಂಬಿಸುವುದು ನಿಧಾನದ ಕೆಲಸ. ಅದಕ್ಕೇ ಒಂದು ಭಾಗವನ್ನು ಕೋಶಕ್ಕೆ ಒಂದೇ ಬಿಟ್ ಹಾಕುವ ವೇಗದ ಕ್ಯಾಶ್ ಆಗಿ ಬಳಸುತ್ತಾರೆ. ಡಬ್ಬದ ಮೇಲೆ ಬರೆಯುವ ವೇಗ ಆ ಕ್ಯಾಶ್‌ನದು. ಅದು ತುಂಬಿದ ಮೇಲೆ ನಿಜವಾದ ವೇಗ ಹೊರಗೆ ಬರುತ್ತದೆ, ಡ್ರೈವ್ ಭರ್ತಿಯಾದಷ್ಟೂ ಕ್ಯಾಶ್ ಕೂಡ ಚಿಕ್ಕದಾಗುತ್ತದೆ. ಅದರ ಮೇಲೆ, ಯಾವ ದತ್ತಾಂಶ ಎಲ್ಲಿದೆ ಅನ್ನುವ ನಕ್ಷೆ ಇಟ್ಟುಕೊಳ್ಳುವ ಡಿರ‍್ಯಾಮ್ ಚಿಪ್ ಕೂಡ ಇಲ್ಲದಿದ್ದರೆ ಇನ್ನೂ ತೊಡಕು. ಎನ್‌ವಿಎಂಇ ಡ್ರೈವ್‌ಗಳು ಅದಕ್ಕೆ ಬದಲಾಗಿ ಕಂಪ್ಯೂಟರಿನ ರ‍್ಯಾಮ್ ಸ್ವಲ್ಪ ಎರವಲು ಪಡೆಯಬಲ್ಲವು, ಸಾಟಾ ಡ್ರೈವ್‌ಗಳಿಗೆ ಆ ದಾರಿ ಇಲ್ಲ. ಗೇಮ್ ಲೋಡ್ ಆಗುವುದಕ್ಕೆ ಇದು ಅಷ್ಟಾಗಿ ತಟ್ಟುವುದಿಲ್ಲ, ಓದುವ ವೇಗ ಚೆನ್ನಾಗಿಯೇ ಇರುತ್ತದೆ. ತಟ್ಟುವುದು ದೊಡ್ಡ ಅಪ್‌ಡೇಟ್ ಬಂದಾಗ, ದೊಡ್ಡ ಫೈಲುಗಳನ್ನು ಮತ್ತೆ ಬರೆಯಬೇಕಾದಾಗ.

ರಿವ್ಯೂ ನೋಡಿ ಕೊಂಡರೂ ಪೂರ್ತಿ ಭರವಸೆ ಇಲ್ಲ ಅನ್ನುವುದು ಬೇಜಾರಿನ ಸಂಗತಿ. 2021ರಲ್ಲಿ ಕ್ರೂಶಿಯಲ್ ಪಿ2 ಅನ್ನುವ ಡ್ರೈವ್ ಅದೇ ಹೆಸರಿನಲ್ಲೇ ಟಿಎಲ್‌ಸಿಯಿಂದ (ಕೋಶಕ್ಕೆ ಮೂರು ಬಿಟ್) ಕ್ಯೂಎಲ್‌ಸಿಗೆ ಬದಲಾಯಿತು, ಡಬ್ಲ್ಯೂಡಿ ಬ್ಲೂ ಎಸ್‌ಎನ್550ರ ಫ್ಲ್ಯಾಶ್ ಕೂಡ ಆ ವರ್ಷವೇ ಬದಲಾಗಿ, ಕ್ಯಾಶ್ ಮುಗಿದ ಮೇಲಿನ ವೇಗ ಬಿದ್ದುಹೋಯಿತು. ರಿವ್ಯೂನ ತಾರೀಖು ನೋಡಿ, ಇತ್ತೀಚೆಗೆ ಕೊಂಡವರು ಏನು ಹೇಳುತ್ತಿದ್ದಾರೆ ಅಂತಲೂ ನೋಡಿ.

ಈಗ ಮೂರನೆಯದು. ಸಿನಿಮಾ, ಫೋಟೋ, ಹಳೇ ಗೇಮ್, ಸೇವ್ ಎಲ್ಲಕ್ಕೂ ಅಂತ 4 ಟಿಬಿ ಹಾರ್ಡ್ ಡಿಸ್ಕ್. ಆನ್‌ಲೈನಿನಲ್ಲಿ ಒಬ್ಬ ಮಾರಾಟಗಾರ ಉಳಿದವರಿಗಿಂತ ಬಹಳ ಕಡಿಮೆಗೆ, 'ಹೊಸದು' ಅಂತಲೇ ಹಾಕಿದ್ದ. ಬಂದದ್ದು ಬೆಳ್ಳಿ ಬಣ್ಣದ ಕವರಿನಲ್ಲಿ ಸೀಲ್ ಆಗಿ, ಲೇಬಲ್ ಪಳಪಳ. ಹಾಕಿದೆ, ನಡೆಯಿತು. ಅವತ್ತೇ ಎಲ್ಲವನ್ನೂ ಅದಕ್ಕೆ ಸಾಗಿಸಿ, ಹಳೇ 1 ಟಿಬಿ ಡಿಸ್ಕನ್ನು ತಮ್ಮನಿಗೆ ಕೊಡೋಣ ಅಂತ ಫಾರ್ಮ್ಯಾಟ್ ಮಾಡಿದೆ. ಅಚ್ಚುಕಟ್ಟಾಗಿ ಮಾಡೋಣ ಅಂತ 'ಕ್ವಿಕ್ ಫಾರ್ಮ್ಯಾಟ್' ಟಿಕ್ ಬೇರೆ ತೆಗೆದೆ. ವಿಂಡೋಸ್‌ನಲ್ಲಿ ಹಾಗೆ ಮಾಡಿದರೆ ಡಿಸ್ಕಿನ ಉದ್ದಕ್ಕೂ ಸೊನ್ನೆ ಬರೆದುಬಿಡುತ್ತದೆ, ಯಾವ ರಿಕವರಿ ಸಾಫ್ಟ್‌ವೇರಿಗೂ ಏನೂ ಸಿಗುವುದಿಲ್ಲ. ಈ ಇಡೀ ಕಥೆಯಲ್ಲಿ ನನ್ನನ್ನು ನಿದ್ದೆ ಮಾಡಲು ಬಿಡದಿರುವುದು ಆ ಒಂದು ಟಿಕ್.

ಮೂರನೇ ವಾರ ಲೋಕ ತೆರೆದಾಗ ಗೇಮ್ ತಡೆತಡೆದು ನಿಲ್ಲತೊಡಗಿತು. ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತೆರೆದರೆ ಹಳದಿ ಬಣ್ಣ, ಎಚ್ಚರಿಕೆ. ಮೇಲ್ಗಡೆ ಬಲಕ್ಕೆ ಡಿಸ್ಕು ಚಾಲೂ ಇದ್ದ ಗಂಟೆಗಳು: 41,000 ಚಿಲ್ಲರೆ. ಹಗಲು ರಾತ್ರಿ ಬಿಡದೆ ನಾಲ್ಕೂವರೆ ವರ್ಷಕ್ಕೂ ಹೆಚ್ಚು ಎಲ್ಲೋ ದುಡಿದ ಡಿಸ್ಕು. ಕೆಳಗೆ ಸಿ5 ಸಾಲಿನಲ್ಲಿ, ಅಂದರೆ ಓದಲಾಗದೆ ಬಾಕಿ ಉಳಿದ ಸೆಕ್ಟರುಗಳ (ಡಿಸ್ಕಿನ ಚಿಕ್ಕ ಚಿಕ್ಕ ತುಂಡುಗಳ) ಲೆಕ್ಕದಲ್ಲಿ, 1ಎಫ್8 ಅಂತಿತ್ತು. ಆ ಸಾಫ್ಟ್‌ವೇರ್ ಈ ಅಂಕಿಗಳನ್ನು ಹದಿನಾರರ ಎಣಿಕೆಯಲ್ಲಿ ತೋರಿಸುತ್ತದೆ. ಅದು 504 ಅಂತ ನನಗೆ ಆಮೇಲೆ ಗೊತ್ತಾಯಿತು. ಸೆಟ್ಟಿಂಗ್‌ನಲ್ಲಿ ಮಾಮೂಲಿ ಎಣಿಕೆಗೆ ಬದಲಾಯಿಸಿಕೊಳ್ಳಬಹುದು.

ಆ ಕ್ಷಣದಲ್ಲಿ ನಾನು ಮಾಡಬೇಕಿದ್ದದ್ದು ಒಂದೇ ಕೆಲಸ: ಲೋಕದ ಫೋಲ್ಡರ್, ಬರೀ 3 ಜಿಬಿ, ಬೇರೆ ಕಡೆ ಎತ್ತಿಡುವುದು. ನಾನು ಅದು ಬಿಟ್ಟು 'ರಿಪೇರಿ' ಮಾಡಲು ಹೋದೆ. ವಿಂಡೋಸ್‌ನ ಚೆಕ್‌ಡಿಸ್ಕನ್ನು ಕೆಟ್ಟ ಸೆಕ್ಟರ್ ಹುಡುಕುವ ಆಯ್ಕೆಯೊಂದಿಗೆ ಓಡಿಸಿದೆ. ಅದು ಸಾಯುತ್ತಿರುವ ಡಿಸ್ಕನ್ನು ಮೂಲೆಮೂಲೆಗೂ ಓದಲು ಎಳೆದಾಡುತ್ತದೆ. ಒಂದು ಗಂಟೆಯ ಮೇಲೆ ಕ್ಯಾಬಿನೆಟ್ಟಿನಿಂದ ಟಕ್, ಟಕ್, ಟಕ್ ಅಂತ ಸದ್ದು, ಆಮೇಲೆ ತಿರುಗುವುದೇ ನಿಂತು ಮತ್ತೆ ಶುರು. ನಾಲ್ಕು ಸಲ ಆಫ್ ಮಾಡಿ ಆನ್ ಮಾಡಿದೆ, ಅದೂ ಮಾಡಬಾರದಿತ್ತು. ಆ ಸದ್ದು ಕೇಳಿದರೆ ಕರೆಂಟ್ ತೆಗೆದು ಡಿಸ್ಕನ್ನು ಹಾಗೇ ಇಡಿ. ರಿಕವರಿಯವರಿಗೆ ತೋರಿಸಿದಾಗ ತಟ್ಟೆಗಳ ಮೇಲೆ ಗೀರು ಬಿದ್ದಿದೆ ಅಂದರು. ಮಾರಾಟಗಾರ ಹಿಂದಿರುಗಿಸುವ ಅವಧಿ ಮುಗಿದಿದೆ ಅಂದ. ತಯಾರಕರ ತಾಣದಲ್ಲಿ ಸೀರಿಯಲ್ ನಂಬರ್ ಹಾಕಿದರೆ ವಾರಂಟಿ ಎಂದೋ ಮುಗಿದಿತ್ತು. ಈ ಪರೀಕ್ಷೆ ಎರಡು ನಿಮಿಷದ್ದು, ಡಿಸ್ಕು ಕೈಗೆ ಬಂದ ದಿನವೇ ಮಾಡಬಹುದಿತ್ತು.

ಗಂಟೆಗಳ ಲೆಕ್ಕ ಸೊನ್ನೆ ಇದ್ದರೂ ಸಮಾಧಾನ ಪಡಬೇಡಿ. 2025ರ ಜನವರಿಯಲ್ಲಿ ಜರ್ಮನಿಯ ಹೈಜೆ ಸುದ್ದಿತಾಣ ಹೊರಗೆ ತಂದ ಸುದ್ದಿ ಇದೇ: ಸಾವಿರಾರು ಗಂಟೆ ಓಡಿದ ಸೀಗೇಟ್ ಡಿಸ್ಕುಗಳ ಲೆಕ್ಕ ಅಳಿಸಿ ಹೊಸದೆಂದು ಮಾರಿದ್ದರು. ಸೀಗೇಟ್ ಡಿಸ್ಕಿನೊಳಗೆ 'ಫಾರ್ಮ್' ಅನ್ನುವ ಇನ್ನೊಂದು ದಾಖಲೆ ಇರುವುದರಿಂದ ಸಿಕ್ಕಿಬಿತ್ತು, ಸ್ಮಾರ್ಟ್‌ಮಾನ್‌ಟೂಲ್ಸ್ ಅನ್ನುವ ಡಿಸ್ಕ್ ಪರೀಕ್ಷೆಯ ಸಾಫ್ಟ್‌ವೇರಿನ 7.4 ಅಥವಾ ಮುಂದಿನ ಆವೃತ್ತಿಯಲ್ಲಿ ಅದನ್ನು ಓದಬಹುದು. ಇದಲ್ಲದೆ, ಬೆಲೆಬಾಳುವ ಒಂದೇ ಒಂದು ಫೈಲ್ ಹಾಕುವ ಮುಂಚೆ ಡಿಸ್ಕಿನ ಮೂಲೆಮೂಲೆಯನ್ನೂ ಓದಿ ನೋಡುವ ಪೂರ್ತಿ ಸರ್ಫೇಸ್ ಟೆಸ್ಟ್ ಓಡಿಸಿ. 4 ಟಿಬಿಗೆ ಏಳೆಂಟು ಗಂಟೆ ಹಿಡಿಯುತ್ತದೆ, ರಾತ್ರಿ ಬಿಟ್ಟು ಮಲಗಿ. ಡಿಸ್ಕು ಎಸ್‌ಎಂಆರ್ ಆಗಿದ್ದರೆ ಗೇಮ್ ಹಾಕಲು ಬೇಡ: ಅದರಲ್ಲಿ ಪಟ್ಟೆಗಳು ಹೆಂಚಿನ ಹಾಗೆ ಒಂದರ ಮೇಲೊಂದು ಕೂತಿರುತ್ತವೆ, ಒಂದನ್ನು ಬದಲಿಸಲು ಪಕ್ಕದವನ್ನೂ ಮತ್ತೆ ಬರೆಯಬೇಕು. ಇನ್ನೊಂದು, ಪವರ್ ಸಪ್ಲೈಯಲ್ಲಿ ಸಾಟಾ ಕನೆಕ್ಟರ್ ಸಾಲದೆ ಮೋಲೆಕ್ಸ್ (ಹಳೇ ನಾಲ್ಕು ಪಿನ್ನಿನ ಕನೆಕ್ಟರ್) ಅಡಾಪ್ಟರ್ ಕೊಳ್ಳುವವರು, ತಂತಿಗಳನ್ನು ಪ್ಲಾಸ್ಟಿಕ್ಕಿನಲ್ಲಿ ಎರಕ ಹೊಯ್ದ ಅಗ್ಗದ ತರಹದ್ದನ್ನು ತರಬೇಡಿ. ಒಳಗೆ ಶಾರ್ಟ್ ಆಗಿ ಕರಗಿ ಉರಿದದ್ದಿದೆ.

ಈಗ ನನ್ನ ಕಂಪ್ಯೂಟರಿನಲ್ಲಿ ಇರುವುದು ಒಂದೇ ಹೊಸ ಡ್ರೈವ್: ಡಿರ‍್ಯಾಮ್ ಇರುವ 1 ಟಿಬಿ ಟಿಎಲ್‌ಸಿ ಸಾಟಾ ಎಸ್‌ಎಸ್‌ಡಿ. ಸಾಟಾ ಮಿತಿ ಸೆಕೆಂಡಿಗೆ 550 ಎಂಬಿ ಆಸುಪಾಸು, ಹಳೇ ಗೇಮಿಂಗ್ ಪಿಸಿಗೆ ಧಾರಾಳ ಸಾಕು. ಹಾರ್ಡ್ ಡಿಸ್ಕಿನಿಂದ ಎಸ್‌ಎಸ್‌ಡಿಗೆ ಬಂದಾಗ ಕಾಣುವ ವ್ಯತ್ಯಾಸ, ಸಾಟಾದಿಂದ ಎನ್‌ವಿಎಂಇಗೆ ಹೋದಾಗ ಹೆಚ್ಚಿನ ಗೇಮುಗಳಲ್ಲಿ ಕಾಣುವುದಿಲ್ಲ. ಹಳೇ 1 ಟಿಬಿ ಡಿಸ್ಕು ತಮ್ಮನಿಗೆ ಹೋಗಲಿಲ್ಲ. ಅದನ್ನು ಪ್ರತಿ ಭಾನುವಾರ ಜೋಡಿಸಿ ಸೇವ್‌ಗಳನ್ನು ಕಾಪಿ ಮಾಡಿ ಮತ್ತೆ ಬಿಚ್ಚಿಡುತ್ತೇನೆ.

ತಮ್ಮ ನನ್ನನ್ನು ಬೈಯಲಿಲ್ಲ. ಎರಡು ವಾರದ ಮೇಲೆ ತಾನೇ ಬಂದು, "ಅಣ್ಣ, ಮತ್ತೆ ಕಟ್ಟೋಣ" ಅಂದ. ಕೋಟೆಯ ಮುಂದಿನ ಸೇತುವೆ ಎಷ್ಟು ಬ್ಲಾಕ್ ಅಗಲ ಇತ್ತು ಅಂತ ಇಬ್ಬರಿಗೂ ನೆನಪಾಗಲಿಲ್ಲ. ಅವನ ಫೋನಿನಲ್ಲಿ ಹಳೇ ಸ್ಕ್ರೀನ್‌ಶಾಟ್ ಒಂದು ಉಳಿದಿತ್ತು. ಅದನ್ನು ದೊಡ್ಡದು ಮಾಡಿಕೊಂಡು ಎಣಿಸುತ್ತಿದ್ದೇವೆ.