ಒಂಬತ್ತು ಶೇವಿಂಗ್ ಸೋಪ್, ಎರಡೂವರೆ ವರ್ಷ, ಎರಡು ಬಚ್ಚಲು

ಕಳೆದ ವಾರ ನನ್ನ ಒಂಬತ್ತನೇ ಶೇವಿಂಗ್ ಸೋಪ್ ಮುಗಿಯಿತು. ಕೊನೆಯ ಚೂರು ಉಗುರಿನಷ್ಟು ಉಳಿದಿತ್ತು. ಬ್ರಶ್ ಉಜ್ಜುತ್ತಿದ್ದಾಗಲೇ ಒಡೆದು ನೊರೆಯಲ್ಲಿ ಸೇರಿಹೋಯಿತು. ಖಾಲಿ ಡಬ್ಬಿ ತೊಳೆದು ಕಿಟಕಿಯಲ್ಲಿಟ್ಟು ಸ್ವಲ್ಪ ಹೊತ್ತು ನೋಡುತ್ತಾ ನಿಂತಿದ್ದೆ. ಇಷ್ಟು ದಿನ ಬಳಸಿದ್ದರ ಬಗ್ಗೆ ಬರೆಯಲೇಬೇಕು ಅನ್ನಿಸಿತು.

ಈ ಸೋಪುಗಳೆಲ್ಲ 2020ರಿಂದ 2022ರ ನಡುವೆ ಒಂದೊಂದಾಗಿ ಮನೆಗೆ ಬಂದವು. ಪರಿಮಳ ಹೇಗಿರುತ್ತದೋ ಅನ್ನುವ ಆಸೆ, ಅಷ್ಟೇ. ಒಂದೊಂದನ್ನೂ ನಾಲ್ಕು ದಿನ ಬಳಸಿ ಕಪಾಟಿಗೆ ಸೇರಿಸುತ್ತಿದ್ದೆ. 2023ರ ಜನವರಿಯಲ್ಲಿ ಲೆಕ್ಕ ಹಾಕಿದರೆ ಒಂಬತ್ತು ಸೋಪ್, ಒಟ್ಟು 880 ಗ್ರಾಂ, ಖರ್ಚು ಆರೂವರೆ ಸಾವಿರ ರೂಪಾಯಿ. ಇರುವುದು ಮುಗಿಯುವ ತನಕ ಹೊಸದು ಕೊಳ್ಳುವುದಿಲ್ಲ ಅಂತ ಅವತ್ತೇ ತೀರ್ಮಾನ ಮಾಡಿದೆ.

ಶೇವ್ ಮಾಡಲು ಬಚ್ಚಲಿಗೆ ಹೋದದ್ದು ಬೇರೆ ಕಾರಣಕ್ಕೆ. ಕಾರವಾರದಲ್ಲಿ ನಾವು ಬಾಡಿಗೆಗಿರುವ ಫ್ಲ್ಯಾಟಿನಲ್ಲಿ ಕನ್ನಡಿಯ ಕೆಳಗಿನ ಸಿಂಕಿಗೆ ಬಿಸಿನೀರಿನ ಪೈಪೇ ಇಲ್ಲ. ಗೀಸರ್ ನೀರು ಬರುವುದು ಶವರಿಗೆ ಮಾತ್ರ. ದಿನಾ ಚೊಂಬಿನಲ್ಲಿ ಬಿಸಿನೀರು ಹೊತ್ತು ತಂದು ಸಾಕಾಗಿತ್ತು. ಒಂದು ದಿನ ಬ್ರಶ್, ಸೋಪ್, ರೇಜರ್ ಮೂರನ್ನೂ ಹಿಡಿದುಕೊಂಡು ಶವರ್ ಕೆಳಗೇ ಹೋದೆ. ಆಮೇಲೆ ಸಿಂಕಿನ ಮುಂದೆ ಶೇವ್ ಮಾಡಿದ್ದು ನೆನಪಿಲ್ಲ.

ಈಗಿನ ಕ್ರಮ ಹೀಗಿದೆ. ಮೊದಲು ಎರಡು ಮೂರು ನಿಮಿಷ ಬಿಸಿನೀರು ಮುಖದ ಮೇಲೆ ಬೀಳಲಿ ಅಂತ ಸುಮ್ನೆ ನಿಲ್ಲುತ್ತೇನೆ. ಗಡ್ಡದ ಕೂದಲು ನೀರು ಕುಡಿದು ಮೆತ್ತಗಾಗುತ್ತದೆ. ಒಣ ಕೂದಲನ್ನು ಕತ್ತರಿಸಲು ಬೇಕಾದಷ್ಟು ಬಲ ಒದ್ದೆ ಕೂದಲಿಗೆ ಬೇಡ. ಅಷ್ಟು ಹೊತ್ತೂ ಬ್ರಶ್ ಮಗ್ಗಿನಲ್ಲಿ ನೆನೆಯುತ್ತಿರುತ್ತದೆ. ಆಮೇಲೆ ಶವರ್ ಬಂದ್. ಬ್ರಶ್ಶನ್ನು ಒಮ್ಮೆ ಕೊಡವಿ ಸೋಪಿನ ಮೇಲೆ ಇಪ್ಪತ್ತು ಸುತ್ತು ತಿರುಗಿಸುತ್ತೇನೆ. ಬಟ್ಟಲು ಬೇಡ, ನೊರೆ ಕೆನ್ನೆಯ ಮೇಲೇ ಏಳುತ್ತದೆ. ಬ್ರಶ್ಶಿನ ತುದಿಯಿಂದ ಎರಡು ಮೂರು ಹನಿ ನೀರು ಸೇರಿಸುತ್ತಾ ಹೋದರೆ ಮೊದಲು ಪೇಸ್ಟಿನ ಹಾಗಿದ್ದದ್ದು ನಿಧಾನಕ್ಕೆ ಕಡೆದ ಮೊಸರಿನ ಹದಕ್ಕೆ ಬರುತ್ತದೆ. ಆ ಹದ ಕೈಗೇ ಗೊತ್ತಾಗುತ್ತದೆ. ಬ್ರಶ್ ಹಗುರಾಗಿ ಜಾರಲು ಶುರುವಾಗುತ್ತದೆ.

ಕನ್ನಡಿ ಇಲ್ಲ. ಮೊದಲ ವಾರ ಇದೇ ಹೆದರಿಕೆ ಆಗಿತ್ತು. ಈಗ ನನಗೆ ಅತಿ ಇಷ್ಟವಾದದ್ದೂ ಇದೇ. ಎಡಗೈ ಬೆರಳು ಮುಂದೆ ಹೋಗುತ್ತದೆ, ಬಲಗೈಯ ರೇಜರ್ ಅದರ ಹಿಂದೆ ಬರುತ್ತದೆ. ಎಲ್ಲಿ ಕೂಳೆ ಉಳಿದಿದೆ ಅಂತ ಬೆರಳು ಹೇಳುತ್ತದೆ. ಕಿವಿಯೂ ಕೆಲಸ ಮಾಡುತ್ತದೆ. ಕೂದಲು ಇರುವ ಕಡೆ ರೇಜರ್ ಕರಕರ ಅನ್ನುತ್ತದೆ, ಬೋಳಾದ ಮೇಲೆ ಸದ್ದು ನಿಲ್ಲುತ್ತದೆ. ನನ್ನ ಕುತ್ತಿಗೆಯ ಎಡಗಡೆ ಕೂದಲು ಮೇಲ್ಮುಖವಾಗಿ ಬೆಳೆಯುತ್ತದೆ ಅಂತ ನನಗೆ ಗೊತ್ತಾದದ್ದು ಬಚ್ಚಲಿನಲ್ಲಿ, ನಲವತ್ತಾರನೇ ವಯಸ್ಸಿನಲ್ಲಿ. ಅದುವರೆಗೆ ಮೇಲಿನಿಂದ ಕೆಳಕ್ಕೆ ಎಳೆಯುತ್ತಿದ್ದೆ. ಅಲ್ಲಿ ಯಾವಾಗಲೂ ಕೆಂಪು ಗುಳ್ಳೆ ಏಳುತ್ತಿತ್ತು. ದಿಕ್ಕು ಬದಲಿಸಿದ ಮೇಲೆ ಏಳಲಿಲ್ಲ.

ಬಚ್ಚಲಿಗೆ ಬಂದ ಮೇಲೆ ಸೋಪಿನ ಪರೀಕ್ಷೆಯೇ ಬದಲಾಯಿತು. ಕನ್ನಡಿ ಮುಂದೆ ನಿಂತಾಗ ಬೆಟ್ಟದಂತೆ ನೊರೆ ಕೊಡುವ ಸೋಪೇ ಒಳ್ಳೆಯದು ಅನ್ನಿಸುತ್ತದೆ. ಶವರಿನಲ್ಲಿ ಆ ಬೆಟ್ಟ ನಿಲ್ಲುವುದಿಲ್ಲ. ಮೈಮೇಲಿನ ನೀರು ಇಳಿಯುತ್ತಲೇ ಇರುತ್ತದೆ, ಅರ್ಧ ನೊರೆ ಹೋಗಿಬಿಡುತ್ತದೆ. ಆಗ ಚರ್ಮದ ಮೇಲೆ ಏನು ಉಳಿಯಿತು ಅನ್ನುವುದು ಮುಖ್ಯ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದಾಸವಾಳದ ಸೊಪ್ಪೋ ಮತ್ತಿ ಸೊಪ್ಪೋ ಕಿವುಚಿ ತಲೆಗೆ ಹಚ್ಚುವ ಗೊಂಪು ಇದೆಯಲ್ಲ, ಆ ಜಾರಿಕೆ ಬೇಕು. ಗೊಂಪಿನಲ್ಲಿ ನೊರೆ ಕಡಿಮೆ, ಆದರೆ ಬೆರಳು ಎಲ್ಲೂ ತಡೆಯುವುದಿಲ್ಲ. ಒಳ್ಳೆಯ ಶೇವಿಂಗ್ ಸೋಪ್ ನೊರೆ ತೊಳೆದುಹೋದ ಮೇಲೂ ಹಾಗೇ ಜಾರುತ್ತದೆ. ಅದೇ ಜಾಗದಲ್ಲಿ ಇನ್ನೊಮ್ಮೆ ರೇಜರ್ ಎಳೆದರೂ ಉರಿಯುವುದಿಲ್ಲ.

ಈ ಲೆಕ್ಕದಲ್ಲಿ ಎಲ್ಲಕ್ಕಿಂತ ದುಬಾರಿ ಸೋಪೇ ಸೋತಿತು. ಹೆಸರು ಬರೆಯುವುದಿಲ್ಲ. ಪರಿಮಳ ಚೆನ್ನಾಗಿತ್ತು, ನೊರೆಯೂ ನೋಡಲು ಚಂದ. ಆದರೆ ನೀರು ತಾಗಿದರೆ ಐದು ಸೆಕೆಂಡಿನಲ್ಲಿ ಚರ್ಮ ಒಣ ಹಪ್ಪಳದ ಹಾಗೆ ಆಗುತ್ತಿತ್ತು. 150 ಗ್ರಾಂ ಇದ್ದ ಅದನ್ನು ಮುಗಿಸಲು ನಾಲ್ಕು ತಿಂಗಳು ಹಿಡಿಯಿತು. ಪ್ರತಿ ದಿನವೂ ಬೇಸರ. ಶವರಿಗೆ ಹೇಳಿ ಮಾಡಿಸಿದ್ದು ಅಂದರೆ ಸ್ಟಿಕ್ ರೂಪದ ಸೋಪ್. ಟರ್ಕಿಯ ಆರ್ಕೊ ಸ್ಟಿಕ್ ಒಂದಿತ್ತು. ಒದ್ದೆ ಗಡ್ಡಕ್ಕೆ ಸೀದಾ ಉಜ್ಜಿ, ಮೇಲೆ ಬ್ರಶ್ ಆಡಿಸಿದರೆ ಆಯಿತು. ಡಬ್ಬಿ ಹಿಡಿದುಕೊಳ್ಳುವ, ಅದರಲ್ಲಿ ನೀರು ತುಂಬಿಕೊಳ್ಳುವ ತೊಂದರೆ ಇಲ್ಲ. ಅದರ ನಿಂಬೆಯಂಥ ಖಾರದ ಪರಿಮಳ ಎಲ್ಲರಿಗೂ ಹಿಡಿಸಲಿಕ್ಕಿಲ್ಲ. ನನಗೆ ಬೆಳಗಿನ ನಿದ್ದೆ ಬಿಡಿಸುವುದಕ್ಕೆ ಅದೇ ಸರಿ.

ಇಲ್ಲಿಯ ತನಕ ಎಲ್ಲ ಖುಷಿ. ಏಪ್ರಿಲ್ ಬಂದಾಗ ಕಷ್ಟ ಶುರುವಾಯಿತು.

ನಮ್ಮ ಕಟ್ಟಡ ಸಮುದ್ರದಿಂದ ಸ್ವಲ್ಪವೇ ದೂರ. ಬಳಕೆಗೆ ಬಾವಿ ನೀರು. ಮಳೆಗಾಲದಿಂದ ಮಾಘದ ತನಕ ಅದು ಸಿಹಿ. ಏಪ್ರಿಲ್ ಕಳೆಯುತ್ತಿದ್ದಂತೆ ಸ್ವಲ್ಪ ಉಪ್ಪು ತಾಗುತ್ತದೆ. ಕರಾವಳಿಯವರಿಗೆ ಇದು ಹೊಸತಲ್ಲ. ಸಿಹಿನೀರು ಇಳಿದ ಹಾಗೆ ಕಡಲಿನ ನೀರು ಮರಳಿನೊಳಗಿಂದ ಒತ್ತಿಕೊಂಡು ಬರುತ್ತದೆ. 2023ರ ಮೇ ತಿಂಗಳಿನಲ್ಲಿ ಒಂದು ಬೆಳಿಗ್ಗೆ ಬ್ರಶ್ ಎಷ್ಟು ತಿರುಗಿಸಿದರೂ ನೊರೆ ಏಳಲಿಲ್ಲ. ಒಡೆದ ಹಾಲಿನಂಥ ಬಿಳಿ ಚೂರುಗಳು ಕೆನ್ನೆಗೆ ಅಂಟಿದವು. ಸೋಪೇ ಹಾಳಾಗಿದೆ ಅಂದುಕೊಂಡು ಬೇರೆ ಸೋಪ್ ತೆಗೆದೆ. ಅದೂ ಹಾಗೇ. ಅವತ್ತು ಮುಖದಲ್ಲಿ ಮೂರು ಕಡೆ ರಕ್ತ.

ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಅಡುಗೆ ಉಪ್ಪಿನ ಜೊತೆ ಮೆಗ್ನೀಸಿಯಂ, ಕ್ಯಾಲ್ಸಿಯಂ ಸಹ ಇರುತ್ತವೆ. ಅದು ಬಾವಿಗೆ ಸ್ವಲ್ಪ ಬೆರೆತರೂ ಸಾಕು. ಶೇವಿಂಗ್ ಸೋಪಿನ ಜೀವವೇ ಸ್ಟಿಯರಿಕ್ ಆಸಿಡ್. ದಪ್ಪ, ಬಾಳುವ ನೊರೆ ಬರುವುದು ಅದರಿಂದ. ಕ್ಯಾಲ್ಸಿಯಂ, ಮೆಗ್ನೀಸಿಯಂ ಜೊತೆ ಸೇರಿದರೆ ಅದು ನೀರಲ್ಲಿ ಕರಗದ ಗಸಿ ಆಗುತ್ತದೆ. ಉಪ್ಪಿನದ್ದು ಇನ್ನೊಂದು ಏಟು. ಸೋಪ್ ಕಾಯಿಸುವ ಕಡೆ ದ್ರಾವಣದಿಂದ ಸೋಪನ್ನು ಬೇರೆ ಮಾಡಲು ಉಪ್ಪನ್ನೇ ಹಾಕುತ್ತಾರೆ. ನನ್ನ ಕೆನ್ನೆಗೆ ಅಂಟಿದ ಬಿಳಿ ಚೂರು ಮುಖ್ಯವಾಗಿ ಆ ಗಸಿಯೇ ಇರಬೇಕು.

ಆ ಮೇ ತಿಂಗಳಿಡೀ ನನಗೆ ಈ ಸೋಪುಗಳ ಮೇಲೆ ಸಿಟ್ಟು. ಆರೂವರೆ ಸಾವಿರ ಸುರಿದು ಒಂದು ಲೋಟ ನೀರಿಗೆ ಸೋತೆನಲ್ಲ ಅಂತ. ಟ್ಯೂಬಿನ ಕ್ರೀಮಿಗೆ ವಾಪಸ್ ಹೋಗಿಬಿಡೋಣ ಅಂತಲೂ ಅನ್ನಿಸಿತ್ತು.

ಸರಿಯಾದದ್ದು ಊರಿಗೆ ಹೋದಾಗ. ನಮ್ಮ ಮನೆ ಶಿರಸಿ ಹತ್ತಿರದ ಹಳ್ಳಿ. ಗುಡ್ಡದಿಂದ ಪೈಪಿನಲ್ಲಿ ಅಬ್ಬಿ ನೀರು, ಅಂದರೆ ಝರಿಯ ನೀರು ಬರುತ್ತದೆ. ಲಕ್ಷಾಂತರ ವರ್ಷ ಮಳೆ ತೊಳೆದ ಕೆಂಪು ಮಣ್ಣು ನಮ್ಮದು, ಅದರಲ್ಲಿ ಸುಣ್ಣದ ಅಂಶ ಹೆಚ್ಚು ಉಳಿದಿಲ್ಲ. ಹಾಗಾಗಿ ನೀರು ಬಹಳ ಮೆದು. ಬೇಳೆ ಬೇಗ ಬೇಯುತ್ತದೆ, ಬಟ್ಟೆ ಸೋಪ್ ಕಡಿಮೆ ಸಾಕು. ಅಲ್ಲಿ ಶವರ್ ಇಲ್ಲ. ಬಚ್ಚಲಿನಲ್ಲಿ ತಾಮ್ರದ ಹಂಡೆ, ಕೆಳಗೆ ಒಣಗಿದ ಅಡಿಕೆ ಸಿಪ್ಪೆಯ ಬೆಂಕಿ. ಹಂಡೆಯ ಪಕ್ಕ ಮಣೆ ಹಾಕಿ ಕುಳಿತು ತಂಬಿಗೆಯಿಂದ ಮುಖಕ್ಕೆ ನೀರು ಹೊಯ್ದುಕೊಂಡೆ. ಬ್ರಶ್ ಆರು ಸುತ್ತು ತಿರುಗಿಸುವಷ್ಟರಲ್ಲಿ ನೊರೆ ಉಕ್ಕಿ ಮೊಣಕೈ ತನಕ ಇಳಿಯಿತು. ಕಾರವಾರದಲ್ಲಿ ಹಾಳಾಗಿದೆ ಅಂದುಕೊಂಡಿದ್ದೆನಲ್ಲ, ಅದೇ ಸೋಪ್! ಹೊಗೆಯ ವಾಸನೆ, ಬಿಸಿ ಹಬೆ, ಅದರ ನಡುವೆ ಸೋಪಿನ ಪರಿಮಳ. ಒಮ್ಮೆ ಶೇವ್ ಮುಗಿದ ಮೇಲೂ ಏಳಲು ಮನಸ್ಸಾಗದೆ ಇನ್ನೊಮ್ಮೆ ನೊರೆ ಹಚ್ಚಿಕೊಂಡೆ.

ಅವತ್ತು ಬಳಸಿದ್ದು ಇಟಲಿಯ ಪ್ರೊರಾಸೊ, ಹಸಿರು ಡಬ್ಬಿಯದ್ದು. ಅದರಲ್ಲಿ ನೀಲಗಿರಿ ಎಣ್ಣೆ, ಮೆಂಥಾಲ್ ಇರುತ್ತದೆ. ಹೊರಗೆ ಬರುತ್ತಿದ್ದ ಹಾಗೆ ಆಯಿ (ತಾಯಿ) ಅಡುಗೆಮನೆಯಿಂದಲೇ ಕೇಳಿದರು, "ಶೀತ ಆಜನಾ ತಮಾ? ನೀಲಗಿರಿ ಎಣ್ಣೆ ಪರಿಮಳ ಬತ್ತಾ ಇದ್ದು." ಸೋಪಿನದ್ದು ಅಂದರೂ ಕೇಳಲಿಲ್ಲ. ರಾತ್ರಿ ಕಾಳುಮೆಣಸಿನ ಕಷಾಯ ಕುಡಿಸಿದರು.

ಊರಿಗೆ ಒಯ್ಯುವ ಸೋಪಿನ ವಿಷಯದಲ್ಲಿ ಒಂದು ಮಾತು ಹೇಳಬೇಕು. ನನ್ನ ಒಂಬತ್ತರಲ್ಲಿ ಮೂರು ಸೋಪಿನ ಲೇಬಲ್ ಮೇಲೆ ಟ್ಯಾಲೋ ಅಥವಾ ಸೋಡಿಯಂ ಟ್ಯಾಲೋವೇಟ್ ಅಂತಿತ್ತು. ಅದು ಪ್ರಾಣಿಯ ಕೊಬ್ಬು. ಹೆಚ್ಚಾಗಿ ದನದ್ದು. ಕೊಳ್ಳುವಾಗ ನಾನು ಇದನ್ನು ಓದಿರಲಿಲ್ಲ, ತಪ್ಪು ನನ್ನದೇ. ಕೊಬ್ಬಿನ ಸೋಪ್ ಚೆನ್ನಾಗಿ ಜಾರುತ್ತದೆ ಅನ್ನುವುದು ನಿಜ. ಆದರೂ ಆಯಿ ಮಡಿ ನೀರು ತೆಗೆಯುವ ಬಚ್ಚಲಿಗೆ ಅದನ್ನು ಒಯ್ಯಲು ನನಗೆ ಮನಸ್ಸಾಗಲಿಲ್ಲ. ಆ ಮೂರನ್ನು ಕಾರವಾರದಲ್ಲೇ ಮುಗಿಸಿದೆ, ಇನ್ನು ಕೊಳ್ಳುವುದಿಲ್ಲ. ಬ್ರಶ್ಶಿಗೂ ಇದೇ ಮಾತು. ಹಂದಿ ಕೂದಲಿನದ್ದು, ಬ್ಯಾಜರ್ ಅನ್ನುವ ಪ್ರಾಣಿಯ ಕೂದಲಿನದ್ದು ಅಂತ ಬರುತ್ತವೆ. ನಾನು ಸಿಂಥೆಟಿಕ್ ಬಳಸುತ್ತೇನೆ. ನಮ್ಮ ಮಳೆಗಾಲಕ್ಕೆ ಅದೇ ಸರಿ, ಬೇಗ ಒಣಗುತ್ತದೆ. ಜುಲೈನಲ್ಲಿ ಹತ್ತು ದಿನ ಬಿಸಿಲೇ ಕಾಣದ ಊರಿನಲ್ಲಿ ಒದ್ದೆ ಕೂದಲಿನ ಬ್ರಶ್ ಏನಾಗುತ್ತದೆ ಅಂತ ನಿಮಗೇ ಗೊತ್ತು. ಸೋಪಿನ ಡಬ್ಬಿಗೂ ಮುಚ್ಚಳ ಹಾಕಿಡಬೇಡಿ. ಒಳಗೆ ಬೂಸಲು ಬರುತ್ತದೆ. ನಾನು ಡಬ್ಬಿಯನ್ನು ಬಚ್ಚಲಿನ ಹೊರಗೆ, ಫ್ಯಾನಿನ ಗಾಳಿ ತಾಗುವಲ್ಲಿ ಇಡುತ್ತೇನೆ. ಬ್ಲೇಡ್ ಸಹ ಪ್ರತಿ ಸಲ ಕೊಡವಿ ಹೊರಗೇ ಇಡಬೇಕು. ಕಾರವಾರದ ಗಾಳಿಗೆ ಯಾವ ಲೋಹವೂ ಬಹಳ ದಿನ ಬಾಳುವುದಿಲ್ಲ.

ಊರಿಂದ ವಾಪಸ್ ಬರುವಾಗ ಐದು ಲೀಟರ್ ಕ್ಯಾನಿನಲ್ಲಿ ಅಬ್ಬಿ ನೀರು ತುಂಬಿಸಿಕೊಂಡು ಬಂದೆ. ಅವತ್ತಿಂದ ಪ್ರತಿ ಬೇಸಿಗೆಯೂ ಇದೇ ಪದ್ಧತಿ. ಸ್ನಾನ ಉಪ್ಪು ನೀರಲ್ಲೇ. ನೊರೆ ಎಬ್ಬಿಸುವ ಮೊದಲು ಒಂದು ಲೋಟ ಅಬ್ಬಿ ನೀರಿನಲ್ಲಿ ಮುಖ ತೊಳೆದು, ಬ್ರಶ್ಶನ್ನೂ ಅದರಲ್ಲೇ ಅದ್ದುತ್ತೇನೆ. ದಿನಕ್ಕೆ ಕಾಲು ಲೀಟರ್ ಸಾಕು. ಐದು ಲೀಟರ್ ಮೂರು ವಾರ ಬರುತ್ತದೆ. ಹೆಂಡತಿ ಮೊದಲು ಆ ಕ್ಯಾನನ್ನು ಅಡುಗೆಗೆ ಅಂದುಕೊಂಡಿದ್ದಳು. ಈಗ ಅಣ್ಣ ಘಟ್ಟ ಇಳಿದು ಬರುವಾಗಲೆಲ್ಲ ಅವಳೇ ಫೋನ್ ಮಾಡಿ ನೆನಪಿಸುತ್ತಾಳೆ.

ಇನ್ನೊಂದು ಸಂಗತಿ ಎರಡನೇ ಬೇಸಿಗೆಯಲ್ಲಿ ಗೊತ್ತಾಯಿತು. ಉಪ್ಪು ನೀರಲ್ಲಿ ಎಲ್ಲ ಸೋಪೂ ಒಂದೇ ಥರ ಸೋಲುವುದಿಲ್ಲ. ಲೇಬಲಿನಲ್ಲಿ ಕೋಕೋಸ್ ನ್ಯೂಸಿಫೆರಾ ಆಯಿಲ್, ಅಂದರೆ ನಮ್ಮ ತೆಂಗಿನೆಣ್ಣೆ, ಮೇಲಿನ ಸಾಲಲ್ಲೇ ಇದ್ದ ಸೋಪುಗಳು ಸ್ವಲ್ಪ ಹೋರಾಡುತ್ತವೆ. ತೆಂಗಿನೆಣ್ಣೆ ಸೋಪ್ ಸಮುದ್ರದ ನೀರಲ್ಲೂ ನೊರೆ ಕೊಡುತ್ತದೆ. ಹಡಗಿನವರಿಗೆ ಅಂತಲೇ ಅದನ್ನು ಮಾಡುತ್ತಿದ್ದರು. ಕ್ಯಾನು ಖಾಲಿಯಾದ ದಿನಗಳಲ್ಲಿ ನನ್ನನ್ನು ಕಾಪಾಡಿದ್ದು ಅಂಥ ಸೋಪೇ. ನೊರೆ ತೆಳು, ಆದರೆ ಒಡೆಯುವುದಿಲ್ಲ. ಕಡಲ ಪಕ್ಕದಲ್ಲಿರುವವರು ಪರಿಮಳ ನೋಡುವ ಮೊದಲು ಈ ಸಾಲು ನೋಡಿ.

ಖರ್ಚಿನ ಮಾತು. ಶೇವ್ ಮಾಡುವುದು ವಾರಕ್ಕೆ ಐದಾರು ದಿನ. ಎರಡೂವರೆ ವರ್ಷಕ್ಕೆ ಸುಮಾರು 730 ಶೇವ್. ಸೋಪಿನ ಪಾಲು ಒಂದಕ್ಕೆ 9 ರೂಪಾಯಿ ಬಿತ್ತು. ಅಡುಗೆಮನೆ ತಕ್ಕಡಿಯಲ್ಲಿ ಆಗಾಗ ತೂಗಿ ನೋಡಿದ್ದೇನೆ. ಸಿಂಕಿನ ಮುಂದೆ ದಿನಕ್ಕೆ ಒಂದು ಗ್ರಾಮಿಗಿಂತ ಕಡಿಮೆ ಸಾಕಾಗುತ್ತಿತ್ತು, ಶವರಿನಲ್ಲಿ ಒಂದೂಕಾಲು ಗ್ರಾಂ ಹೋಗುತ್ತದೆ. ಸಂಬಳದಲ್ಲಿ ಮನೆ ನಡೆಸುವವರಿಗೆ 9 ರೂಪಾಯಿ ಜಾಸ್ತಿಯೇ. ಅಪ್ಪಯ್ಯ ಜಗುಲಿಯ ಕಿಟಕಿಗೆ ಅಂಗೈಯಗಲದ ಕನ್ನಡಿ ಒರಗಿಸಿ, ಗೋದ್ರೆಜ್ ದುಂಡು ಸೋಪಿನಲ್ಲಿ ಶೇವ್ ಮಾಡಿಕೊಳ್ಳುತ್ತಿದ್ದರು. ಒಂದು ಸೋಪನ್ನು ಎಷ್ಟೋ ತಿಂಗಳು ಬಳಸುತ್ತಿದ್ದರು. ನನ್ನ ಒಂಬತ್ತರಲ್ಲಿ ಅದೂ ಒಂದಿತ್ತು. ಅಬ್ಬಿ ನೀರಿನಲ್ಲಿ ಅದಕ್ಕೂ ಪ್ರೊರಾಸೊಗೂ ನನ್ನ ಬೆರಳಿಗೆ ಗೊತ್ತಾಗುವ ವ್ಯತ್ಯಾಸ ಸ್ವಲ್ಪವೇ. ಪರಿಮಳದಲ್ಲಿ ಮಾತ್ರ ತುಂಬಾ ವ್ಯತ್ಯಾಸ, ಅಲ್ವಾ? ಆ ಪರಿಮಳಕ್ಕೆ ದುಡ್ಡು ಕೊಡಬಹುದು ಅಂತ ನನಗೆ ಈಗಲೂ ಅನ್ನಿಸುತ್ತದೆ. ಆದರೆ ಒಂಬತ್ತು ಬೇಡ.

ಶವರಿನಲ್ಲಿ ಶುರು ಮಾಡುವವರಿಗೆ ಒಂದು ಮಾತು. ಕಾಲಡಿಗೆ ಜಾರದ ಮ್ಯಾಟ್ ಹಾಕಿಕೊಳ್ಳಿ. ಸೋಪಿನ ನೀರು ನೆಲಕ್ಕೇ ಇಳಿಯುತ್ತದೆ, ಕೈಯಲ್ಲಿ ಬ್ಲೇಡ್ ಇರುತ್ತದೆ. ಶೇವ್ ಮಾಡುವಷ್ಟು ಹೊತ್ತು ನಲ್ಲಿ ಬಂದ್ ಮಾಡಿ. ಮೊದಲ ಹದಿನೈದು ದಿನ ಕೂದಲು ಬೆಳೆದ ದಿಕ್ಕಿಗೆ ಮಾತ್ರ ರೇಜರ್ ಎಳೆಯಿರಿ, ಎದುರು ದಿಕ್ಕಿನ ಆಸೆ ಬೇಡ.

ಕಪಾಟಿನಲ್ಲಿ ಈಗ ಹೊಸದಾಗಿ ತಂದ ಎರಡೇ ಸೋಪ್ ಇವೆ. ಒಂದು ತೆಂಗಿನೆಣ್ಣೆ ಜಾಸ್ತಿ ಇರುವ ಸ್ಟಿಕ್, ಕಾರವಾರಕ್ಕೆ. ಇನ್ನೊಂದು ಹಸಿರು ಡಬ್ಬಿಯ ಪ್ರೊರಾಸೊ, ಊರಿಗೆ. ಹಬ್ಬಕ್ಕೆ ಹೋಗುವಾಗ ಅದನ್ನು ಒಯ್ದು ಬಚ್ಚಲಿನ ಗೂಡಿನಲ್ಲೇ ಬಿಟ್ಟು ಬರುತ್ತೇನೆ. ಐದು ಲೀಟರಿನ ಕ್ಯಾನ್ ಈ ವರ್ಷ ಸೀಳಿದೆ. ಮೇ ತಿಂಗಳು ಬರುವುದರೊಳಗೆ ಹತ್ತು ಲೀಟರಿನದ್ದು ನೋಡಬೇಕು.